ಆಟದ ಕಾರು ಮತ್ತು ಪರಿಗ್ರಹ ಪರಿಮಾಣ

ಶ್ರಾವಕನ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಕಳವು ಮಾಡಿದವನಿಗೆ ತಾನು ಕಳವು ಮಾಡಿದ್ದು ತಿಳಿದಿರುತ್ತದೆ. ಸುಳ್ಳಾಡಿದವನಿಗೆ ತನ್ನ ಮಾತು ಸುಳ್ಳೆಂಬುದು ಗೊತ್ತಿರುತ್ತದೆ. ಪರಿಗ್ರಹದ ವಿಷಯ ಹಾಗಲ್ಲ. ಅದು ಅಗತ್ಯದ ವೇಷ ಧರಿಸಿ ಬರುತ್ತದೆ, ಮಕ್ಕಳ ಭವಿಷ್ಯದ ವೇಷ ಧರಿಸಿ ಬರುತ್ತದೆ, ಕೆಲವೊಮ್ಮೆ ಕೇವಲ ಆಟದ ವೇಷ ಧರಿಸಿಯೂ ಬರುತ್ತದೆ. ಮೊದಲೆರಡರ ಬಗೆಗೆ ಧರ್ಮಸಭೆಗಳಲ್ಲಿ ಸಾಕಷ್ಟು ವಿಚಾರ ನಡೆದಿದೆ. ಮೂರನೆಯದು ಹೊಸದು. ಇಂದು ಮನೆಮನೆಯಲ್ಲಿಯೂ ಎದುರಾಗುತ್ತಿರುವುದರಿಂದ ಅದನ್ನೂ ಪರಾಮರ್ಶಿಸುವುದು ಉಚಿತ.

ಒಂದು ನಿದರ್ಶನವನ್ನು ತೆಗೆದುಕೊಳ್ಳಬಹುದು. ಸಂಡೂರು ತಾಲ್ಲೂಕಿನ ಚೋರನೂರಿನಲ್ಲಿ ಶೇಂಗಾ, ಮೆಕ್ಕೆಜೋಳಗಳ ವ್ಯಾಪಾರ ಮಾಡುವ ಹಿರಿಯ ಶ್ರಾವಕನೊಬ್ಬನಿದ್ದಾನೆ ಎಂದಿಟ್ಟುಕೊಳ್ಳೋಣ. ಬೇಸಿಗೆಯ ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗ ಪಡಸಾಲೆಯ ಟಿ.ವಿ.ಗೆ ಆಟದ ಯಂತ್ರವನ್ನು ಜೋಡಿಸಿ ಕಾರಿನ ಓಟದ ಆಟವಾಡುತ್ತಾನೆ. ಮೂರು ದಿನಗಳಿಂದ ಅವನಿಗೆ ಒಂದೇ ಚಿಂತೆ. ಸೂರ್ಯಾಸ್ತಕ್ಕೆ ಮುಂಚಿನ ಊಟಕ್ಕೆ ಕರೆದರೂ ಏಳುವುದಿಲ್ಲ. ಕೊನೆಗೆ ಅವನೇ ಬಂದು ಕೇಳುತ್ತಾನೆ: “ಅಜ್ಜಾ, ಒಂದೇ ಕಾರಿನಲ್ಲಿ ಎರಡು ಮಾದರಿ ಇವೆ. ಯಾವುದನ್ನು ಕೊಳ್ಳಲಿ? ಮೇಲಿನದಕ್ಕೆ ನನ್ನ ಹತ್ತಿರ ಇರುವುದು ಸಾಲದು. ನೀವು ಸ್ವಲ್ಪ ನಿಜವಾದ ದುಡ್ಡು ಕೊಟ್ಟರೆ ಆಗುತ್ತದೆ.”

ಪ್ರಶ್ನೆ ಹಿರಿಯರಿಗೆ ವಿಚಿತ್ರವೆನಿಸಬಹುದು. ಆದ್ದರಿಂದ ಈ ಆಟಗಳ ಸ್ವರೂಪವನ್ನು ತಿಳಿಯಬೇಕು. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ‘ಗ್ರ್ಯಾನ್ ಟುರಿಸ್ಮೊ’ ಎಂಬ ಆಟ ಈ ಬಗೆಯ ಆಟಗಳಿಗೆ ಮಾದರಿಯಾಯಿತು. ಆಟಗಾರನಿಗೆ ಆರಂಭದಲ್ಲಿ 10,000 ಕ್ರೆಡಿಟ್ ಎಂಬ ಆಟದ ಹಣ ದೊರೆಯುತ್ತಿತ್ತು. ಅದರಿಂದ ಅಗ್ಗದ ಕಾರೊಂದನ್ನು ಕೊಂಡು, ಓಟ ಗೆದ್ದು, ಗೆದ್ದ ಹಣದಿಂದ ಮೇಲಿನ ಕಾರನ್ನು ಕೊಳ್ಳಬೇಕು. ಗಳಿಸುವುದು, ಕೊಳ್ಳುವುದು, ಕೂಡಿಡುವುದು: ಇದು ವ್ಯಾಪಾರಿಯ ದಿನಚರಿಯೇ. ಇದೇ ಸರಣಿಯಲ್ಲಿ 2013ರಲ್ಲಿ ಬಂದ ಆರನೆಯ ಆಟದಿಂದ ನಿಜವಾದ ಹಣ ಕೊಟ್ಟು ಕ್ರೆಡಿಟ್ ಕೊಳ್ಳುವ ದಾರಿಯೂ ತೆರೆಯಿತು. ಅಲ್ಲಿಗೆ ಆಟದ ಪೆಟ್ಟಿಗೆಗೂ ಮನೆಯ ತಿಜೋರಿಗೂ ನಡುವಿನ ಗೋಡೆಯಲ್ಲಿ ಒಂದು ಬಾಗಿಲು ಬಿದ್ದಂತಾಯಿತು.

ಹುಡುಗನ ಪರವಾಗಿ ಹೇಳಬಹುದಾದ ಮಾತುಗಳನ್ನು ಮೊದಲು ಕೇಳುವುದು ನ್ಯಾಯ. ಈ ಕಾರು ರಸ್ತೆಯ ಮೇಲೆ ಓಡುವುದಿಲ್ಲ. ಅದರ ಗಾಲಿಗೆ ಸಿಕ್ಕಿ ಒಂದು ಇರುವೆಯೂ ಸಾಯುವುದಿಲ್ಲ. ಅದಕ್ಕೆ ಪೆಟ್ರೋಲು ಬೇಡ, ಅದನ್ನು ಮಾಡಲು ಸಂಡೂರಿನ ಗುಡ್ಡ ಅಗೆಯಬೇಕಾಗಿಲ್ಲ. ನಿಜವಾದ ಕಾರಿನ ಮೇಲೆ ಆಸೆಪಟ್ಟು ತಂದೆಯನ್ನು ಸಾಲಕ್ಕೆ ನೂಕುವ ತರುಣನಿಗಿಂತ ಈ ಹುಡುಗ ಮೇಲಲ್ಲವೇ? ದ್ರವ್ಯಹಿಂಸೆಯ ದೃಷ್ಟಿಯಿಂದ ಈ ವಾದ ಸರಿಯಾದುದೇ. ಅದನ್ನು ತಳ್ಳಿಹಾಕುವುದು ಅನೇಕಾಂತದ ಮಾರ್ಗವಲ್ಲ.

ಆದರೆ ಪರಿಗ್ರಹದ ಲೆಕ್ಕದಲ್ಲಿ ಎರಡು ಪುಟಗಳಿವೆ. ಬಾಹ್ಯ ಪರಿಗ್ರಹ ಹತ್ತು ವಿಧ: ಹೊಲ, ಮನೆ, ಧನ, ಧಾನ್ಯ, ದ್ವಿಪದ, ಚತುಷ್ಪದ, ಯಾನ, ಶಯನಾಸನ, ಬಟ್ಟೆಬರೆ, ಪಾತ್ರೆಪದಾರ್ಥ. ಅಭ್ಯಂತರ ಪರಿಗ್ರಹ ಹದಿನಾಲ್ಕು ವಿಧ: ಮಿಥ್ಯಾತ್ವ ಒಂದು, ಕ್ರೋಧ, ಮಾನ, ಮಾಯೆ, ಲೋಭವೆಂಬ ಕಷಾಯಗಳು ನಾಲ್ಕು, ಹಾಸ್ಯ, ರತಿ, ಅರತಿ ಮೊದಲಾದ ನೋಕಷಾಯಗಳು ಒಂಬತ್ತು. ಹತ್ತರ ಪಟ್ಟಿಯಲ್ಲಿ ‘ಯಾನ’ವೆಂಬ ಹೆಸರು ಸ್ಪಷ್ಟವಾಗಿಯೇ ಇದೆ. ಹುಡುಗನ ಕಾರು ಆ ಪಟ್ಟಿಗೆ ಸೇರುವುದಿಲ್ಲ, ಏಕೆಂದರೆ ಅಲ್ಲಿ ಯಾನವೇ ಇಲ್ಲ. ಆದರೆ ಎರಡನೆಯ ಪುಟದಲ್ಲಿ ಲೋಭ, ಮಾನ, ರತಿಗಳ ಕೆಳಗೆ ಅದರ ಜಮೆ ಬಿದ್ದೇ ಬೀಳುತ್ತದೆ. ತತ್ತ್ವಾರ್ಥಸೂತ್ರವು ಪರಿಗ್ರಹದ ಲಕ್ಷಣವನ್ನು ಹೇಳುವಾಗ ವಸ್ತುವನ್ನು ಹೆಸರಿಸದೆ ಮನಸ್ಸಿನ ಮೂರ್ಛೆಯನ್ನು ಹೆಸರಿಸಿರುವುದು ಇದಕ್ಕಾಗಿಯೇ. ನಿಜವಾದ ಕಾರಿನಲ್ಲಿ ಉಪಯೋಗವೂ ಮೂರ್ಛೆಯೂ ಬೆರೆತಿರುತ್ತವೆ. ಎಷ್ಟು ಅಗತ್ಯ, ಎಷ್ಟು ಆಸೆ ಎಂದು ಬೇರ್ಪಡಿಸುವುದು ಕಷ್ಟ. ಆಟದ ಕಾರಿನಲ್ಲಿ ವಸ್ತುವನ್ನು ತೆಗೆದುಹಾಕಿದೆ. ಉಳಿದಿರುವುದು ಮೂರ್ಛೆಯೊಂದೇ. ಆದ್ದರಿಂದ ಮೂರ್ಛೆಯೆಂದರೆ ಏನೆಂಬುದನ್ನು ತಿಳಿಯಬೇಕಾದವನಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ದೊರೆಯದು.

ತಂದುಲಮತ್ಸ್ಯದ ಕಥೆಯನ್ನು ಶ್ರಾವಕರು ಬಲ್ಲರು. ಸ್ವಯಂಭೂರಮಣ ಸಮುದ್ರದ ಮಹಾಮತ್ಸ್ಯದ ಕಿವಿಯಲ್ಲಿ ಅಕ್ಕಿಕಾಳಿನಷ್ಟು ಗಾತ್ರದ ಮೀನೊಂದು ವಾಸಿಸುತ್ತದೆ. ಅದು ಒಂದು ಮೀನನ್ನೂ ಕೊಲ್ಲುವುದಿಲ್ಲ. ತೆರೆದ ಬಾಯಿಂದ ತಪ್ಪಿಸಿಕೊಂಡು ಹೋಗುವ ಮೀನುಗಳನ್ನು ಕಂಡು, ತಾನಾಗಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲವೆಂದು ಭಾವಿಸುತ್ತದೆ, ಅಷ್ಟೇ. ಆ ಭಾವವೇ ಅದನ್ನು ಏಳನೆಯ ನರಕಕ್ಕೆ ಒಯ್ಯುತ್ತದೆ. ಇದಕ್ಕೆ ವಿರುದ್ಧವಾದ ತುದಿಯಲ್ಲಿ ಭರತ ಚಕ್ರವರ್ತಿಯಿದ್ದಾನೆ. ರತ್ನಾಕರವರ್ಣಿಯು ಭರತೇಶವೈಭವದಲ್ಲಿ ಚಿತ್ರಿಸಿದ ಭರತನಿಗೆ ಷಟ್ಖಂಡವೇ ಸ್ವಂತ, ಆದರೂ ಅವನ ಚಿತ್ತ ಆತ್ಮದಲ್ಲಿ. ಎಲ್ಲವೂ ಇದ್ದು ಅಂಟದವನು ಒಬ್ಬ. ಏನೂ ಇಲ್ಲದೆ ಅಂಟಿದ್ದು ಇನ್ನೊಂದು. ಆಟದ ಹುಡುಗ ಮೀನಿನಷ್ಟು ಕ್ರೂರನಲ್ಲ, ಭರತನಷ್ಟು ನಿರ್ಲಿಪ್ತನೂ ಅಲ್ಲ. ಬಹುಮಂದಿ ಗೃಹಸ್ಥರು ಇರುವುದೂ ಈ ನಡುವಿನಲ್ಲಿಯೇ.

ಇನ್ನು ಎರಡು ಮಾದರಿಗಳ ವಿಚಾರ. ಜಪಾನಿನ ಹೋಂಡಾ ಸಂಸ್ಥೆಯು 1990ರಲ್ಲಿ ‘ಎನ್‌ಎಸ್‌ಎಕ್ಸ್’ ಎಂಬ ಸ್ಪೋರ್ಟ್ಸ್ ಕಾರನ್ನು ತಂದಿತು. 1992ರಲ್ಲಿ ಅದರದೇ ‘ಟೈಪ್ ಆರ್’ ರೂಪ ಬಂದಿತು. ಅದರಲ್ಲಿ ಸದ್ದು ತಡೆಯುವ ಹೊದಿಕೆ, ಏರ್ ಕಂಡೀಷನರ್, ಸಂಗೀತದ ಯಂತ್ರ ಮೊದಲಾದವನ್ನು ತೆಗೆದು ಸುಮಾರು 120 ಕಿಲೋಗ್ರಾಂ ತೂಕ ಇಳಿಸಿದ್ದರು. ಬೆಲೆ ಮಾತ್ರ ಹೆಚ್ಚಿತ್ತು. ಓಟದ ಆಟಗಳಲ್ಲಿ ಇಂಥ ಜೋಡಿಗಳೇ ಆಟಗಾರನನ್ನು ಕಾಡುವುದು. ಹುಡುಗ ಇದನ್ನು ವಿವರಿಸಿದಾಗ ಅಜ್ಜನಿಗೆ ಸಂತೋಷವಾಗುವುದು ಸಹಜ: ಕಡಿಮೆ ಇರುವುದಕ್ಕೆ ಹೆಚ್ಚು ಬೆಲೆ! ಸೌಖ್ಯದ ಸಾಮಗ್ರಿಗಳನ್ನು ಬಿಟ್ಟಷ್ಟೂ ಹಗುರ, ಹಗುರಾದಷ್ಟೂ ವೇಗ. ತ್ಯಾಗಧರ್ಮವನ್ನು ಯಂತ್ರವೊಂದು ಬೋಧಿಸುತ್ತಿರುವಂತೆ ತೋರುತ್ತದೆ.

ಇಲ್ಲಿಯೇ ಎಚ್ಚರ ಬೇಕು. ಆ ಕಾರು ಭಾರವನ್ನು ಬಿಟ್ಟದ್ದು ಇನ್ನೊಂದು ಕಾರನ್ನು ಸೋಲಿಸುವುದಕ್ಕಾಗಿ. ಗೆಲ್ಲುವುದಕ್ಕಾಗಿ ಬಿಟ್ಟದ್ದು ತ್ಯಾಗವಲ್ಲ. ಅದು ಬಂಡವಾಳ ಹೂಡಿಕೆ. ಹೆಸರಿಗಾಗಿ ದಾನ ಕೊಡುವವನು, ಉಪವಾಸದ ಎಣಿಕೆಯಲ್ಲಿ ನೆರೆಯವನನ್ನು ಮೀರಿಸಬೇಕೆನ್ನುವವನು, ಸರಳವಾದ ಬಿಳಿ ಬಟ್ಟೆಯುಟ್ಟು ಆ ಸರಳತೆಯನ್ನೇ ಮೆರೆಸುವವನು ಇವರೆಲ್ಲರೂ ಬಾಹ್ಯವನ್ನು ಇಳಿಸಿ ಮಾನಕಷಾಯವನ್ನು ಏರಿಸಿಕೊಂಡವರೇ. ಕಡಿಮೆ ಇರುವ ಮಾದರಿಯನ್ನು ಆರಿಸಿದ ಮಾತ್ರಕ್ಕೆ ಆಸೆ ಕಡಿಮೆಯಾಗಿದೆ ಎನ್ನುವಂತಿಲ್ಲ. ಆದ್ದರಿಂದ ‘ಯಾವ ಮಾದರಿ’ ಎಂಬ ಪ್ರಶ್ನೆಗೆ ಧರ್ಮಶಾಸ್ತ್ರದಲ್ಲಿ ಉತ್ತರವಿಲ್ಲ. ‘ಎಲ್ಲಿಗೆ ನಿಲ್ಲಿಸುವುದು’ ಎಂಬ ಪ್ರಶ್ನೆಗೆ ಇದೆ. ವ್ರತದ ಹೆಸರೇ ಪರಿಮಾಣ.

ಹುಡುಗನಿಗೆ ಅಜ್ಜ ಈ ಮಾತನ್ನು ಹೇಳಹೊರಟಾಗ ಹುಡುಗ ಅಡ್ಡಬಂದು ಹೇಳುತ್ತಾನೆ: “ಆದರೆ ಇದು ನನ್ನದಲ್ಲವಲ್ಲ ಅಜ್ಜಾ. ಆಟದ್ದು. ನನ್ನ ಹೆಸರಿನಲ್ಲಿ ಏನೂ ಇಲ್ಲ.”

ಈ ಮಾತು ಅಜ್ಜನಿಗೆ ಹೊಸದಲ್ಲ. ಅವನು ಬಹಳ ಹಿಂದೆಯೇ ಮುನಿಗಳ ಸನ್ನಿಧಿಯಲ್ಲಿ ಪರಿಗ್ರಹ ಪರಿಮಾಣ ಸ್ವೀಕರಿಸಿದವನು; ವಾಹನ ಒಂದೇ ಎಂಬುದು ಅವನ ನಿಯಮ. 2000ದ ದಶಕದಲ್ಲಿ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿ, ಸಂಡೂರಿನ ರಸ್ತೆಗಳೆಲ್ಲ ಕೆಂಧೂಳಿನಿಂದ ಮುಚ್ಚಿದ್ದಾಗ, ಸುತ್ತಲಿನವರೆಲ್ಲ ಲಾರಿ ಕೊಂಡರು. ಅವನೂ ಸಾಲ ಮಾಡಿ ಎರಡು ಲಾರಿ ಕೊಂಡ, ಮಗನ ಹೆಸರಿನಲ್ಲಿ. ನಿಯಮ ಮುರಿಯಲಿಲ್ಲವೆಂದು ಸಮಾಧಾನ ಮಾಡಿಕೊಂಡ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಲೋಭದಿಂದ ವಾಹನವನ್ನು ಮಿತಿಮೀರಿ ನಡೆಸುವುದು ಮೊದಲನೆಯದು. ಮಿತಿಮೀರಿ ಭಾರ ಹೇರುವುದು ಕೊನೆಯದು. ಅಂದಿನ ಅದಿರಿನ ಲಾರಿಗಳನ್ನು ಕಂಡವರಿಗೆ ಇವೆರಡಕ್ಕೂ ವ್ಯಾಖ್ಯಾನ ಬೇಕಾಗಿಲ್ಲ. ಪರರ ಸಂಪತ್ತನ್ನು ಕಂಡು ಬೆರಗಾಗುವ ವಿಸ್ಮಯ ನಡುವಿನದು. ಅಜ್ಜ ಲಾರಿ ಕೊಂಡದ್ದೂ, ಮೊಮ್ಮಗ ಟೈಪ್ ಆರ್ ಬಯಸಿದ್ದೂ ಅದರಿಂದಲೇ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. ಲಾರಿಗಳು ನಿಂತವು. ಸಾಲದ ಕಂತು ನಿಲ್ಲಲಿಲ್ಲ. ‘ನನ್ನ ಹೆಸರಿನಲ್ಲಿಲ್ಲ’ ಎಂಬ ಮಾತಿನಿಂದ ಅಂದು ಅವನಿಗೆ ಒಂದು ರಾತ್ರಿಯ ನಿದ್ರೆಯೂ ದೊರೆಯಲಿಲ್ಲ. ಹೆಸರು ಯಾರದಾದರೂ ಇರಲಿ, ಚಿಂತೆ ಯಾರದೋ ಪರಿಗ್ರಹ ಅವರದು.

ಸ್ವಾಮ್ಯದ ಹೆಸರು ಎಷ್ಟು ಅಸ್ಥಿರವೆಂಬುದಕ್ಕೆ ಹಳೆಯದೊಂದು, ಹೊಸದೊಂದು ಸಾಕ್ಷಿ ಸಾಕು. ‘ದಿ ಕ್ರೂ’ ಎಂಬ ಕಾರು ಓಟದ ಆಟ 2014ರಲ್ಲಿ ಬಂದಿತು. ಜನ ಹಣ ಕೊಟ್ಟು ಕೊಂಡು, ವರ್ಷಗಟ್ಟಲೆ ಆಡಿ, ಅದರೊಳಗೆ ಕಾರುಗಳನ್ನು ಕೂಡಿಟ್ಟರು. 2024ರ ಮಾರ್ಚ್ 31ರಂದು ಅದರ ಸರ್ವರ್‌ಗಳನ್ನು ಮುಚ್ಚಿದಾಗ ಅವೆಲ್ಲವೂ ಇಲ್ಲವಾದವು. ಹಳೆಯ ಸಾಕ್ಷಿ ಹಂಪೆಯಲ್ಲಿದೆ. ಎರಡನೆಯ ಹರಿಹರನ ದಂಡನಾಯಕನಾದ ಇರುಗಪ್ಪನು 1385ರಲ್ಲಿ ಕುಂಥುಜಿನನಾಥನಿಗೆ ಕಟ್ಟಿಸಿದ ಬಸದಿಯನ್ನು ಇಂದು ಜನ ಗಾಣಗಿತ್ತಿ ಗುಡಿಯೆಂದು ಕರೆಯುತ್ತಾರೆ. ಕಟ್ಟಿಸಿದವನ ಹೆಸರು ಕಂಬದ ಶಾಸನದಲ್ಲಿ ಉಳಿಯಿತು, ಜನರ ನಾಲಗೆಯಲ್ಲಿ ಉಳಿಯಲಿಲ್ಲ. ಆ ಬಸದಿಯ ಸ್ವಾಮಿಯಾದ ಕುಂಥುನಾಥನಾದರೋ ತೀರ್ಥಂಕರನಾಗುವ ಮೊದಲು ಚಕ್ರವರ್ತಿಯಾಗಿದ್ದವನು. ಎಲ್ಲವೂ ಇದ್ದಾಗಲೇ ಎಲ್ಲವನ್ನೂ ಬಿಟ್ಟು ಹೊರಟವನು.

ಹಾಗಾದರೆ ಅಜ್ಜ ಏನು ಹೇಳಬೇಕು? ಆಟವನ್ನು ನಿಷೇಧಿಸಿದರೆ ಹುಡುಗ ಕದ್ದು ಆಡುವುದನ್ನು ಕಲಿಯುತ್ತಾನೆ. ಒಂದು ದೋಷದ ಜೊತೆಗೆ ಇನ್ನೊಂದು ಸೇರುತ್ತದೆ. ಹಣ ಕೊಟ್ಟರೆ ಆಸೆಗೆ ಕಾಯುವುದನ್ನು ಕಲಿಸುವ ಅವಕಾಶವೇ ತಪ್ಪುತ್ತದೆ. ಅವನು ಹೇಳಬೇಕಾದದ್ದು ಇಷ್ಟು: “ದುಡ್ಡು ಕೊಡುವುದಿಲ್ಲಪ್ಪಾ. ಯಾವುದನ್ನಾದರೂ ನೀನೇ ಗೆದ್ದು ಕೊಳ್ಳು. ಆದರೆ ಕೊಳ್ಳುವ ಮೊದಲು ಎಷ್ಟಕ್ಕೆ ನಿಲ್ಲಿಸುತ್ತೀ ಎಂಬುದನ್ನು ಹೇಳು. ಅಷ್ಟು ಹೇಳಿದ ಮೇಲೆ ಊಟಕ್ಕೆ ಏಳು.” ಹುಡುಗ ಸ್ವಲ್ಪ ಹೊತ್ತು ಯೋಚಿಸಿ, “ರಜೆ ಮುಗಿಯುವವರೆಗೆ ಒಂದೇ ಕಾರು” ಎಂದರೆ ಅದೇ ಒಂದು ಅಣುವ್ರತದ ಬೀಜ. ಅವನು ಸಾಧಾರಣ ಮಾದರಿಯನ್ನು ಕೊಂಡನೋ ಟೈಪ್ ಆರ್ ಕೊಂಡನೋ ಎಂಬುದು ಆಮೇಲೆ ಮುಖ್ಯವಲ್ಲ.

ಅಜ್ಜನ ಕರ್ತವ್ಯ ಅಲ್ಲಿಗೆ ಮುಗಿಯುವುದಿಲ್ಲ. ಆ ರಾತ್ರಿ ಅವನು ತನ್ನ ನಿಯಮದ ಪುಸ್ತಕವನ್ನು ತೆಗೆದು, ‘ವಾಹನ ಒಂದು’ ಎಂಬ ಸಾಲಿನ ಕೆಳಗೆ ‘ಸ್ವಂತ ಹೆಸರಿನಲ್ಲಿ ಆಗಲಿ, ಮಕ್ಕಳ ಹೆಸರಿನಲ್ಲಿ ಆಗಲಿ’ ಎಂದು ಸೇರಿಸಿಕೊಳ್ಳಬೇಕು; ಹಿಂದೆ ಆದ ಅತಿಚಾರಕ್ಕೆ ಆಲೋಚನೆ ಮಾಡಿ, ಗುರುಗಳ ಮುಂದೆ ಪ್ರಾಯಶ್ಚಿತ್ತ ಕೇಳಬೇಕು. ಮಕ್ಕಳು ವ್ರತವನ್ನು ಉಪದೇಶದಿಂದ ಕಲಿಯುವುದು ಕಡಿಮೆ. ಹಿರಿಯರು ತಮ್ಮ ಲೆಕ್ಕವನ್ನು ತಿದ್ದಿಕೊಳ್ಳುವುದನ್ನು ಕಂಡು ಕಲಿಯುವುದೇ ಹೆಚ್ಚು.