ಮೃತರ ಋಣಕ್ಕೆ ಅವಧಿಯುಂಟೇ?

2024ರ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಹಿಮಾಚಲ ಪ್ರದೇಶದ ರೋಹ್ತಾಂಗ್ ಘಟ್ಟದ ಸಮೀಪದಿಂದ, ಸುಮಾರು 16,000 ಅಡಿ ಎತ್ತರದ ಹಿಮರಾಶಿಯ ನಡುವಿನಿಂದ, ಸೇನೆಯ ಪರ್ವತಾರೋಹಿಗಳು ನಾಲ್ವರು ಯೋಧರ ಪಾರ್ಥಿವ ಶರೀರಗಳನ್ನು ಹೊತ್ತು ಕೆಳಗಿಳಿಸಿದರು. ಪತ್ರಿಕೆಯಲ್ಲಿ ಚಿತ್ರವನ್ನಷ್ಟೇ ನೋಡಿದವರು ಇದು ನಿನ್ನೆ ಮೊನ್ನೆ ನಡೆದ ದುರಂತವೆಂದು ಭಾವಿಸಿದ್ದರೆ ತಪ್ಪಲ್ಲ. ಆದರೆ ಆ ನಾಲ್ವರು ಮಡಿದದ್ದು 1968ರ ಫೆಬ್ರವರಿ 7ರಂದು. ಐವತ್ತಾರು ವರ್ಷಗಳ ಕಾಲ ಹಿಮವು ಅವರನ್ನು ತನ್ನ ಮಡಿಲಲ್ಲಿ ಇರಿಸಿಕೊಂಡಿತ್ತು.

ಅಂದು ಚಂಡೀಗಢದಿಂದ ಲೇಹ್‌ಗೆ ಹೊರಟಿದ್ದ ವಾಯುಪಡೆಯ ಎಎನ್-12 ಸಾರಿಗೆ ವಿಮಾನದಲ್ಲಿ ಸಿಬ್ಬಂದಿಯೂ ಸೇರಿ 102 ಮಂದಿ ಇದ್ದರು. ಚಳಿಗಾಲ ಬಂತೆಂದರೆ ಲಡಾಖಿನ ಹಾದಿಗಳೆಲ್ಲ ಹಿಮದಲ್ಲಿ ಮುಚ್ಚಿಹೋಗುತ್ತಿದ್ದ ಕಾಲವದು. ಅಲ್ಲಿ ಗಡಿ ಕಾಯುವವನಿಗೆ ಆಹಾರ, ಇಂಧನ, ಔಷಧಿ, ಮನೆಯಿಂದ ಬಂದ ಕಾಗದ, ಜೊತೆಗೆ ನಿಲ್ಲುವ ಸಂಗಾತಿ ಎಲ್ಲವೂ ಆಕಾಶಮಾರ್ಗದಲ್ಲೇ ಬರಬೇಕಿತ್ತು. ದಾರಿಯಲ್ಲಿ ಹವಾಮಾನ ಕೆಟ್ಟಿತು. ಚಾಲಕರು ಹಿಂದಿರುಗಲು ನಿರ್ಧರಿಸಿದರು. ರೋಹ್ತಾಂಗ್ ಸಮೀಪದಲ್ಲಿ ವಿಮಾನದ ಸಂಪರ್ಕ ಕಡಿದುಹೋಯಿತು. ಮುಂದಿನ ಮೂವತ್ತೈದು ವರ್ಷ ಯಾವ ಸುಳಿವೂ ದೊರೆಯಲಿಲ್ಲ. 2003ರಲ್ಲಿ ಮನಾಲಿಯ ಪರ್ವತಾರೋಹಣ ಸಂಸ್ಥೆಯ ತಂಡವೊಂದಕ್ಕೆ ವಿಮಾನದ ಅವಶೇಷಗಳೂ ಒಬ್ಬ ಯೋಧನ ಶರೀರವೂ ಕಂಡವು. 2007ರಲ್ಲಿ ಸೇನೆಯ ಶೋಧತಂಡ ಇನ್ನೂ ಮೂವರನ್ನು ತಂದಿತು. 2024ರ ನಾಲ್ವರನ್ನೂ ಸೇರಿಸಿದರೆ ದೊರೆತವರು ಒಂಬತ್ತು ಮಂದಿ. ಉಳಿದ 93 ಮಂದಿ ಆ ಬಿಳಿಯ ಮೌನದಲ್ಲೇ ಉಳಿದರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅದನ್ನು ಕೇಳಲು ನಾವು ಸಂಕೋಚಪಡಬೇಕಾಗಿಲ್ಲ. ಅರ್ಧ ಶತಮಾನದ ನಂತರ ಈ ಹುಡುಕಾಟ ಯಾರಿಗಾಗಿ? ಸತ್ತವರಿಗೆ ಇದರಿಂದ ಆಗುವ ಲಾಭವೇನು? ಮಗನ ದಾರಿ ಕಾದ ತಾಯಿತಂದೆಯರು ತೀರಿಹೋಗಿದ್ದಾರೆ. ಅಂದು ವಿಧವೆಯರಾದವರಲ್ಲಿ ಬಹುಮಂದಿ ಅದೇ ನೋವಿನಲ್ಲಿ ಬಾಳು ಮುಗಿಸಿರಬಹುದು. ಇತ್ತ, ಹಿಮದ ಬಿರುಕುಗಳ ನಡುವೆ ಹಗ್ಗ ಹಿಡಿದು ಏರುವವರು ಬದುಕಿರುವ ಯುವಕರು. ಅವರಿಗೂ ಮನೆಯಿದೆ, ಮಕ್ಕಳಿದ್ದಾರೆ. ಮಡಿದವರಿಗಾಗಿ ಬದುಕಿರುವವರನ್ನು ಅಪಾಯಕ್ಕೆ ಒಡ್ಡುವುದು ನ್ಯಾಯವೇ? ಹೀಗೆ ಕೇಳುವವನು ಕಲ್ಲೆದೆಯವನಲ್ಲ. ಅವನೂ ಜೀವದ ಬೆಲೆಯನ್ನು ಬಲ್ಲವನೇ.

ಈ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ, ‘ಮನೆಯವರ ಸಮಾಧಾನಕ್ಕಾಗಿ’ ಎಂಬುದು. ಅದು ನಿಜವಾದ ಉತ್ತರ, ಆದರೆ ಪೂರ್ಣ ಉತ್ತರವಲ್ಲ. ಸಮಾಧಾನ ಪಡೆಯಬೇಕಾದವರೇ ಇಲ್ಲವಾದ ಮೇಲೆ ಕರ್ತವ್ಯವೂ ಇಲ್ಲವಾಗಬೇಕಲ್ಲವೇ? ಕೊನೆಯ ಬಂಧು ಕಣ್ಮುಚ್ಚಿದ ದಿನವೇ ಆ 93 ಮಂದಿಯ ಲೆಕ್ಕವನ್ನು ಮುಚ್ಚಿಬಿಡಬಹುದಲ್ಲವೇ? ಹಾಗೆನ್ನಲು ನಮ್ಮ ಅಂತಃಸಾಕ್ಷಿ ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲವೆಂಬುದನ್ನೇ ನಾವು ಆಲೋಚಿಸಬೇಕು.

ನಮ್ಮ ಆಡುಮಾತಿನಲ್ಲಿ, ಒಬ್ಬರು ತೀರಿಕೊಂಡಾಗ ‘ಋಣ ತೀರಿತು’ ಎನ್ನುತ್ತೇವೆ. ಅಗಲಿಕೆಯ ನೋವನ್ನು ಹಗುರ ಮಾಡಿಕೊಳ್ಳಲು ಹಿರಿಯರು ಕಂಡುಕೊಂಡ ಮಾತದು. ಆದರೆ ತೀರುವುದು ಯಾರ ಋಣ? ಈ ಲೋಕದಲ್ಲಿ ಅವರಿಗಿದ್ದ ಅನ್ನದ ಋಣ, ನೀರಿನ ಋಣ ತೀರಿರಬಹುದು. ಅವರು ನಮಗೆ ಕೊಟ್ಟದ್ದರ ಋಣ ಅವರ ಸಾವಿನಿಂದ ತೀರುವುದಿಲ್ಲ. ಹಿಂದಿರುಗಿಸಿ ಪಡೆಯಲು ಅವರೇ ಇಲ್ಲವಾದ್ದರಿಂದ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಬದುಕಿರುವ ಸಾಲಗಾರ ಬಾಗಿಲು ತಟ್ಟಿ ಕೇಳಬಲ್ಲ. ಮೃತನು ಕೇಳಲಾರ. ಕೇಳಲಾರದವನಿಗೆ ಸಲ್ಲಿಸುವ ಋಣದಲ್ಲಿಯೇ ಮನುಷ್ಯನ ಪ್ರಾಮಾಣಿಕತೆಯ ನಿಜವಾದ ಪರೀಕ್ಷೆಯಿದೆ.

ಶ್ರೀಗ್ರಂಥದ ಹಳೆಯ ಒಡಂಬಡಿಕೆಯಲ್ಲಿ ಇದಕ್ಕೊಂದು ನಿದರ್ಶನವಿದೆ. ಈಜಿಪ್ಟಿನಲ್ಲಿ ಮರಣಹೊಂದಿದ ಜೋಸೆಫನು, ಮುಂದೊಂದು ದಿನ ತನ್ನ ಅಸ್ಥಿಗಳನ್ನು ಇಲ್ಲಿಂದ ಕೊಂಡೊಯ್ಯಬೇಕೆಂದು ಇಸ್ರಯೇಲರಿಂದ ಪ್ರಮಾಣ ಮಾಡಿಸಿಕೊಂಡಿದ್ದನು. ಆ ಮಾತು ಕೊಟ್ಟವರೆಲ್ಲರೂ ಗತಿಸಿದರು, ತಲೆಮಾರುಗಳು ಉರುಳಿದವು. ಆದರೂ ದಾಸ್ಯದಿಂದ ಬಿಡುಗಡೆ ಪಡೆದು ಅವಸರವಸರವಾಗಿ ಹೊರಟ ಆ ಜನಾಂಗದೊಡನೆ ಜೋಸೆಫನ ಅಸ್ಥಿಗಳೂ ಹೊರಟವು. ಕೊನೆಗೆ ಶೆಕೆಮಿನಲ್ಲಿ ಮಣ್ಣು ಸೇರಿದವು. ಮರುಭೂಮಿಯಲ್ಲಿ ನೀರಿಗೇ ಪರದಾಡುತ್ತಿದ್ದವರಿಗೆ ಆ ಭಾರದಿಂದ ಯಾವ ಪ್ರಯೋಜನವೂ ಇರಲಿಲ್ಲ. ಆದರೆ ತಾವು ಕೊಡದಿದ್ದರೂ ತಮ್ಮ ಪೂರ್ವಿಕರು ಕೊಟ್ಟ ಮಾತನ್ನು ತಮ್ಮದೆಂದು ಒಪ್ಪಿಕೊಂಡುದರಿಂದಲೇ ಅವರು ಒಂದು ಜನಾಂಗವಾಗಿ ಉಳಿದರು. ದೇಶವೊಂದು ತನ್ನ ಯೋಧನನ್ನು ವಿಮಾನ ಹತ್ತಿಸಿ ಕಳುಹಿಸುವಾಗ, ಹೋದವನನ್ನು ಮರಳಿ ಕರೆತರುವೆನೆಂಬ ಮಾತನ್ನು ಬಾಯಿಬಿಟ್ಟು ಹೇಳದಿದ್ದರೂ ಕೊಟ್ಟೇ ಇರುತ್ತದೆ. 1968ರಲ್ಲಿ ಕೊಟ್ಟ ಆ ಮಾತನ್ನು 2024ರಲ್ಲಿ ನಡೆಸಿದವರಲ್ಲಿ ಬಹುತೇಕರು ಆಗ ಹುಟ್ಟಿರಲೇ ಇಲ್ಲ. 2007ರ ಶೋಧಕ್ಕೆ ಸೇನೆಯು ಇಟ್ಟ ಹೆಸರು ‘ಪುನರುತ್ಥಾನ’. ಸೇನಾಧಿಕಾರಿಗಳು ದೈವಶಾಸ್ತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಹೆಸರಿಟ್ಟರೆಂದು ನಾನು ಹೇಳಲಾರೆ. ಆದರೆ ಸಾವೇ ಕೊನೆಯ ಮಾತಲ್ಲವೆಂಬ ಭಾವ ಎಲ್ಲ ಮನುಷ್ಯರ ಆಳದಲ್ಲೂ ಇದೆಯೆಂಬುದಕ್ಕೆ ಆ ಹೆಸರೇ ಸಾಕ್ಷಿ.

ಸಾರಿಗೆ ವಿಮಾನದ ಸಿಬ್ಬಂದಿಯ ಸಾವಿನಲ್ಲಿ ಗಮನಿಸಬೇಕಾದ ಇನ್ನೊಂದು ವಿಷಯವಿದೆ. ರಣರಂಗದಲ್ಲಿ ಬಿದ್ದವನ ಕಥೆಯನ್ನು ಹೇಳುವುದು ಸುಲಭ. ಅಲ್ಲಿ ಶತ್ರುವಿದ್ದಾನೆ, ಗೆಲುವಿದೆ, ಪದಕವಿದೆ. ಸಾರಿಗೆ ವಿಮಾನದವರಿಗೆ ಅಂತಹ ಕಥೆಯಿಲ್ಲ. ಅವರ ಕಾಯಕ ಹೊರುವುದು. ಇತರರನ್ನು, ಇತರರ ಆಹಾರವನ್ನು, ಇತರರ ಗಾಯಗೊಂಡ ದೇಹಗಳನ್ನು ಹೊರುವುದು. ಬೆಂಗಳೂರಿನ ಹೊರವಲಯದ ಯಲಹಂಕ ವಾಯುನೆಲೆಯಲ್ಲಿ ಸಾರಿಗೆ ವಿಮಾನ ಚಾಲಕರ ತರಬೇತಿ ನಡೆಯುತ್ತದೆ. ಆ ಭಾಗದ ನಿವಾಸಿಗಳ ತಲೆಯ ಮೇಲೆ ಹಾರಿಹೋಗುವ ವಿಮಾನಗಳಲ್ಲಿ, ಎಂದೂ ಸುದ್ದಿಯಾಗದ ಕೆಲಸಕ್ಕಾಗಿ ಸಿದ್ಧರಾಗುತ್ತಿರುವ ಯುವಕ ಯುವತಿಯರಿರುತ್ತಾರೆ. ಅವರು ಸುರಕ್ಷಿತವಾಗಿ ಇಳಿದ ದಿನ ಯಾರೂ ಚಪ್ಪಾಳೆ ತಟ್ಟುವುದಿಲ್ಲ. 1968ರ ಆ ಚಾಲಕರು ಮುಂದೆ ಹೋಗುವ ಹಟ ಮಾಡದೆ ಹಿಂದಿರುಗಿದರು. ತನ್ನನ್ನು ನಂಬಿ ಕುಳಿತವರ ಪ್ರಾಣದ ಹೊಣೆಯನ್ನು ಬಲ್ಲವನು ಕೈಗೊಳ್ಳುವ ನಿರ್ಧಾರವದು. ಅದು ಫಲಿಸಲಿಲ್ಲ. ಆದರೆ ಒಂದು ಕಾರ್ಯದ ಗೌರವವನ್ನು ಅದರ ಫಲದಿಂದಲೇ ಅಳೆಯುವುದಾದರೆ ನಮ್ಮಲ್ಲಿ ಯಾರ ಬದುಕು ತಾನೇ ತೂಕಕ್ಕೆ ನಿಂತೀತು?

ಹೀಗಿರುವಾಗ ನಾವು ಅವರನ್ನು ‘ಹುತಾತ್ಮರು’ ಎಂಬ ಒಂದೇ ಪದದಲ್ಲಿ ಸುತ್ತಿ ಕಳುಹಿಸಿಬಿಡುವ ಅಪಾಯವಿದೆ. ಪದ ದೊಡ್ಡದಾದಷ್ಟೂ ಅದರ ಹಿಂದೆ ಅಡಗಬಹುದಾದ ಮೌನವೂ ದೊಡ್ಡದು. 2009ರ ಜೂನ್‌ನಲ್ಲಿ ಅರುಣಾಚಲ ಪ್ರದೇಶದ ಮೆಚುಕಾ ಸಮೀಪ ವಾಯುಪಡೆಯ ಎಎನ್-32 ವಿಮಾನ ಪತನಗೊಂಡು 13 ಮಂದಿ ಮಡಿದರು. ಸರಿಯಾಗಿ ಹತ್ತು ವರ್ಷಗಳ ನಂತರ, 2019ರ ಜೂನ್ 3ರಂದು, ಜೋರ್ಹಾಟ್‌ನಿಂದ ಅದೇ ಮೆಚುಕಾಕ್ಕೆ ಹೊರಟ ಅದೇ ಬಗೆಯ ವಿಮಾನ ಬೆಟ್ಟಗಳ ನಡುವೆ ಬಿತ್ತು. ಈ ಬಾರಿಯೂ 13 ಮಂದಿ. ಎರಡು ದುರಂತಗಳ ಕಾರಣ ಒಂದೇ ಎಂದು ನಾನು ಹೇಳುತ್ತಿಲ್ಲ. ಆ ಪ್ರದೇಶದ ಕಡಿದಾದ ಕಣಿವೆಗಳಲ್ಲಿ ಕ್ಷಣಾರ್ಧದಲ್ಲಿ ಮೋಡ ಕವಿಯುತ್ತದೆ. ಪರಿಣತರಿಗೂ ಅದು ಕಠಿಣ ಹಾದಿ. ಆದರೆ ಮೊದಲ 13 ಮಂದಿಗಾಗಿ ನಾವು ಸುರಿಸಿದ ಕಣ್ಣೀರಿನಲ್ಲಿ ‘ಏಕೆ ಹೀಗಾಯಿತು?’ ಎಂಬ ಪ್ರಶ್ನೆಗೆ ಎಷ್ಟು ಸ್ಥಳವಿತ್ತು ಎಂದು ನಮ್ಮನ್ನು ನಾವೇ ಕೇಳಿಕೊಳ್ಳಲೇಬೇಕು. ಕಾರಣ ಕೇಳದ ಶೋಕ ಅರ್ಧ ಶೋಕ. ಮುಂದಿನ ಸಿಬ್ಬಂದಿಯನ್ನು ಉಳಿಸಬಲ್ಲ ಸತ್ಯವನ್ನು ಹುಡುಕುವುದು ಮಡಿದವರಿಗೆ ತೋರುವ ಅಗೌರವವಲ್ಲ. ಅವರಿಗೆ ಸಲ್ಲಬೇಕಾದ ಗೌರವದ ಮೊದಲ ಕಂತು.

ಋಣ ಇದೆಯೆಂದು ಒಪ್ಪಿದರೂ ಅದಕ್ಕೆ ಮಿತಿಯಿಲ್ಲವೇ? ಇದೆ. 2019ರಲ್ಲಿ ಪಾರ್ಥಿವ ಶರೀರಗಳನ್ನು ತರಲು ಆ ಬೆಟ್ಟದಲ್ಲಿ ಇಳಿದವರೇ ಮಳೆ ಮೋಡಗಳ ನಡುವೆ ಸಿಲುಕಿ, ಎರಡು ವಾರಗಳಿಗೂ ಮೀರಿ ಹೊರಬರಲಾರದೆ ಉಳಿದರು. ಒಬ್ಬ ಮೃತನಿಗಾಗಿ ಇನ್ನೊಬ್ಬ ಜೀವಂತನನ್ನು ಕಳೆದುಕೊಂಡರೆ ಆ ಮೃತನೇ ಅದನ್ನು ಒಪ್ಪುತ್ತಿರಲಿಲ್ಲ. ಅವನು ಬದುಕಿದ್ದಾಗ ಮಾಡಿದ್ದೇ ಇತರರನ್ನು ಸುರಕ್ಷಿತವಾಗಿ ತಲುಪಿಸುವ ಕೆಲಸ. ಆದ್ದರಿಂದ ಮೃತರ ಋಣಕ್ಕೆ ಅವಧಿಯಿಲ್ಲದಿದ್ದರೂ ಅವಸರವೂ ಇಲ್ಲ. ಹವಾಮಾನ ತಿಳಿಯಾಗುವವರೆಗೆ, ಹಿಮ ಕರಗುವವರೆಗೆ ಅವರು ಕಾಯಬಲ್ಲರು. ನಾವು ಮಾಡಬಾರದ್ದು ಒಂದೇ, ಮರೆಯುವುದು.

ಸಮುದ್ರ ಈ ಮಿತಿಯನ್ನು ಇನ್ನೂ ಕಠೋರವಾಗಿ ಕಲಿಸುತ್ತದೆ. 2016ರ ಜುಲೈ 22ರಂದು ಚೆನ್ನೈ ಸಮೀಪದ ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ಎಎನ್-32 ವಿಮಾನ ಬಂಗಾಳ ಕೊಲ್ಲಿಯ ಮೇಲೆ ಕಣ್ಮರೆಯಾಯಿತು. ಅದರಲ್ಲಿದ್ದವರು 29 ಮಂದಿ. ಆರು ಮಂದಿ ವಿಮಾನ ಸಿಬ್ಬಂದಿ. ಹಡಗುಗಳೂ ವಿಮಾನಗಳೂ ವಾರಗಟ್ಟಲೆ ಹುಡುಕಿದವು. ಸೆಪ್ಟೆಂಬರ್ 15ರಂದು, ಅವರೆಲ್ಲರೂ ಮರಣಹೊಂದಿದ್ದಾರೆಂದು ಭಾವಿಸಲಾಗಿದೆಯೆಂಬ ಸುದ್ದಿ ಮನೆಗಳನ್ನು ತಲುಪಿತು. ‘ಭಾವಿಸಲಾಗಿದೆ’ ಎಂಬ ಆ ಒಂದು ಮಾತಿನೊಡನೆ ಬದುಕುವುದು ಹೇಗೆ? ಹಣತೆ ಹಚ್ಚಬೇಕೇ, ಬಾಗಿಲು ತೆರೆದಿಡಬೇಕೇ? ಏಳು ವರ್ಷಗಳಿಗೂ ಹೆಚ್ಚು ಕಾಲ ಆ ಕುಟುಂಬಗಳು ಈ ಎರಡರ ನಡುವೆ ನಿಂತಿದ್ದವು. 2024ರ ಜನವರಿಯಲ್ಲಿ, ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು ಆಳಸಮುದ್ರಕ್ಕೆ ಇಳಿಸಿದ ಮಾನವರಹಿತ ಯಂತ್ರವು ಚೆನ್ನೈ ತೀರದಿಂದ ಸುಮಾರು 310 ಕಿಲೋಮೀಟರ್ ದೂರದಲ್ಲಿ, 3,400 ಮೀಟರ್ ಆಳದಲ್ಲಿ ತೆಗೆದ ಚಿತ್ರಗಳಲ್ಲಿ ಎಎನ್-32ಕ್ಕೆ ಹೊಂದುವ ಅವಶೇಷಗಳು ಕಂಡಿವೆಯೆಂದು ರಕ್ಷಣಾ ಸಚಿವಾಲಯ ಪ್ರಕಟಿಸಿತು. ಆ ಪ್ರದೇಶದಲ್ಲಿ ಬೇರಾವ ವಿಮಾನವೂ ಕಣ್ಮರೆಯಾದ ದಾಖಲೆ ಇರಲಿಲ್ಲ.

ಆ ಚಿತ್ರಗಳು ಯಾರನ್ನೂ ಮನೆಗೆ ಕರೆತರಲಿಲ್ಲ. ಆದರೆ ‘ಎಲ್ಲಿದ್ದಾರೆ?’ ಎಂಬ ಪ್ರಶ್ನೆಗೆ ಒಂದು ಉತ್ತರ ದೊರೆಯಿತು. ಶರೀರವನ್ನು ತರಲಾಗದ ಕಡೆ ಸತ್ಯವನ್ನಾದರೂ ತರಬೇಕು; ಅದು ಮೃತರಿಗೆ ನಾವು ಸಲ್ಲಿಸಬಹುದಾದ ಕನಿಷ್ಠ ಸೇವೆ. ಮೃತರನ್ನು ಮಣ್ಣು ಮಾಡುವುದನ್ನು ಧರ್ಮಸಭೆಯು ದಯಾಕಾರ್ಯಗಳಲ್ಲಿ ಒಂದೆಂದು ಎಣಿಸಿದೆ. ಹಸಿದವನು ನಮಗೆ ಕೃತಜ್ಞನಾಗಬಹುದು, ರೋಗಿ ನಮ್ಮ ಕೈ ಹಿಡಿಯಬಹುದು. ಮೃತನಿಂದ ನಮಗೆ ಏನೂ ಮರಳಿ ಬರುವುದಿಲ್ಲ. ಬಹುಶಃ ಅದಕ್ಕಾಗಿಯೇ ಆ ಪಟ್ಟಿಯಲ್ಲಿ ಅದಕ್ಕೂ ಸ್ಥಾನವಿದೆ.

ರೋಹ್ತಾಂಗ್‌ನಿಂದ ತಂದ ನಾಲ್ವರಲ್ಲಿ ಒಬ್ಬನು ಕೇರಳದ ಯುವ ಸೈನಿಕ. ಮಡಿದಾಗ ಅವನಿಗೆ ಇಪ್ಪತ್ತೆರಡರ ಪ್ರಾಯ. 2024ರ ಅಕ್ಟೋಬರ್‌ನಲ್ಲಿ ಅವನ ಊರಿನ ದೇವಾಲಯದ ಸಮಾಧಿಭೂಮಿಯಲ್ಲಿ ಸೇನಾ ಗೌರವದೊಡನೆ ಅವನನ್ನು ಮಣ್ಣು ಮಾಡಿದರು. ತಾಯಿತಂದೆಯರು ಇರಲಿಲ್ಲ, ಒಡಹುಟ್ಟಿದವರು ವೃದ್ಧರಾಗಿದ್ದರು. ಅವನ ಮುಖವನ್ನೇ ಕಾಣದ ತಲೆಮಾರಿನ ಮಕ್ಕಳಿಗೆ ಅವನು ಅಜ್ಜನ ಸ್ಥಾನದಲ್ಲಿರಬೇಕಾದವನು, ಇಪ್ಪತ್ತೆರಡರ ಹುಡುಗನಾಗಿಯೇ ಮರಳಿದನು. ಅವನ ಸಮಾಧಿಗೆ ಬಿದ್ದ ಒಂದೊಂದು ಹಿಡಿ ಮಣ್ಣೂ ಐವತ್ತಾರು ವರ್ಷ ತಡವಾಗಿತ್ತು. ಆದರೂ ಅದು ವ್ಯರ್ಥವಾಗಿತ್ತೆಂದು ಅಲ್ಲಿ ನಿಂತವರಲ್ಲಿ ಯಾರೂ ಹೇಳಿರಲಾರರು.

ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ದಿನ, ನಾವು ನಮ್ಮವರ ಸಮಾಧಿಗಳಿಗೆ ಹೂವಿಟ್ಟು ಮೇಣದ ಬತ್ತಿ ಹಚ್ಚುತ್ತೇವೆ. ಸಮಾಧಿಯೇ ಇಲ್ಲದವರ ಮನೆಯವರು ಸಮಾಧಿಭೂಮಿಯ ನಡುವೆ ನಿಂತಿರುವ ದೊಡ್ಡ ಶಿಲುಬೆಯ ಬುಡದಲ್ಲಿ ಬತ್ತಿ ಹಚ್ಚಿ ಮೌನವಾಗಿ ನಿಲ್ಲುವುದನ್ನು ನಮ್ಮ ಕರಾವಳಿಯಲ್ಲಿ ಕಾಣಬಹುದು. ಮುಂದಿನ ಬಾರಿ ಅಲ್ಲಿಗೆ ಹೋದಾಗ ನಾವೂ ಒಂದು ಬತ್ತಿಯನ್ನು ಹೆಚ್ಚಾಗಿ ಕೊಂಡೊಯ್ಯೋಣ. ಹಿಮದಲ್ಲಿ ಉಳಿದ 93 ಮಂದಿಗಾಗಿ, ಕಡಲಾಳದ 29 ಮಂದಿಗಾಗಿ, ಇಂದು ರಾತ್ರಿಯೂ ಯಾರಿಗೋ ಆಹಾರವನ್ನೋ ಔಷಧಿಯನ್ನೋ ಹೊತ್ತು ಬೆಟ್ಟಗಳ ಮೇಲೆ ಹಾರುತ್ತಿರುವ ಹೆಸರರಿಯದ ಸಿಬ್ಬಂದಿಗಾಗಿ ಅದನ್ನು ಹಚ್ಚೋಣ.