ಗಿಟಾರೆಂಬ ಅವಯವಿ

2019ನೆಯ ಇಸವಿಯ ಜೂನ್ ತಿಂಗಳಿನಲ್ಲಿ, ನ್ಯೂಯಾರ್ಕ್ ನಗರದ ಕ್ರಿಸ್ಟೀಸ್ ಹರಾಜುಶಾಲೆಯಲ್ಲಿ, ಪಿಂಕ್ ಫ್ಲಾಯ್ಡ್ ವಾದ್ಯವೃಂದದ ಡೇವಿಡ್ ಗಿಲ್ಮೋರ್ ಅವರು ಬಹುಕಾಲ ನುಡಿಸಿದ ಕಪ್ಪುಬಣ್ಣದ ಫೆಂಡರ್ ಸ್ಟ್ರಾಟೊಕ್ಯಾಸ್ಟರ್ ಗಿಟಾರೊಂದು 39 ಲಕ್ಷ 75 ಸಾವಿರ ಡಾಲರುಗಳಿಗೆ ಮಾರಾಟವಾಯಿತು. ಹರಾಜಿನಲ್ಲಿ ಗಿಟಾರೊಂದಕ್ಕೆ ಅಷ್ಟು ಬೆಲೆ ಅದಕ್ಕೆ ಹಿಂದೆ ಬಂದಿರಲಿಲ್ಲ. ಬೆಲೆಯ ಮಾತು ಹಾಗಿರಲಿ. ತತ್ತ್ವಜಿಜ್ಞಾಸುವಿನ ಕಣ್ಣು ಹೋಗಬೇಕಾದುದು ಆ ವಾದ್ಯದ ಜಾತಕದ ಕಡೆಗೆ. ಗಿಲ್ಮೋರ್ ಅದನ್ನು 1970ರಲ್ಲಿ ಅದೇ ನಗರದಲ್ಲಿ ಕೊಂಡಿದ್ದರು. ಅಂದಿನಿಂದ ಹರಾಜಿನ ದಿನದವರೆಗಿನ ಅವಧಿಯಲ್ಲಿ ಅದರ ಕತ್ತು ಹಲವು ಸಲ ಬದಲಾಯಿತು. ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸುವ ಪಿಕಪ್ಪುಗಳು ಬದಲಾದವು. ಎದೆಯ ಮೇಲಣ ಬಿಳಿಯ ಫಲಕ ಹೋಗಿ ಕರಿಯ ಫಲಕ ಬಂದಿತು. ಒಮ್ಮೆ ತಂತಿಗಳನ್ನು ಹೊರುವ ಕುದುರೆಯ ಬೇರೊಂದು ಜಾತಿಯನ್ನು ಕೂರಿಸಲೆಂದು ಒಡಲಿನ ಮರವನ್ನೇ ಕೆತ್ತಿ, ಆಮೇಲೆ ಅದು ಬೇಡವಾಗಿ, ಕೆತ್ತಿದ ಎಡೆಯನ್ನು ಮರದಿಂದಲೇ ತುಂಬಿ ಮುಚ್ಚಿದರು. ತಂತಿಗಳ ಮಾತನ್ನಂತೂ ಎತ್ತುವಂತೆಯೇ ಇಲ್ಲ. ಹೀಗಿರಲು, ಅಷ್ಟು ಹಣವನ್ನು ತೆತ್ತು ಕೊಂಡವರು ಕೊಂಡದ್ದು ಯಾವ ವಸ್ತುವನ್ನು? ಎರಿಕ್ ಕ್ಲ್ಯಾಪ್ಟನ್ ಅವರ 'ಬ್ಲ್ಯಾಕಿ' ಎಂಬ ಗಿಟಾರಿನ ವೃತ್ತಾಂತ ಇನ್ನೂ ವಿಚಿತ್ರವಾದುದು. ಮೂರು ಹಳೆಯ ಗಿಟಾರುಗಳ ಒಳ್ಳೊಳ್ಳೆಯ ಭಾಗಗಳನ್ನು ಆಯ್ದು ಕೂಡಿಸಿದುದೇ ಅದು. ಹುಟ್ಟುವಾಗಲೇ ಅದಕ್ಕೆ ಮೂವರು ತಾಯಂದಿರು.

ಪ್ರಶ್ನೆ ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ಮಿಲಿಂದಪ್ರಶ್ನವೆಂಬ ಪಾಲಿ ಗ್ರಂಥದಲ್ಲಿ ಭಿಕ್ಷುವಾದ ನಾಗಸೇನನು ಯವನ ದೊರೆಯಾದ ಮಿಲಿಂದನನ್ನು ಅವನು ಏರಿಬಂದ ರಥದ ವಿಷಯವಾಗಿಯೇ ಕೇಳಿ, ಗಾಲಿಯಾಗಲಿ ಅಚ್ಚಾಗಲಿ ನೊಗವಾಗಲಿ ರಥವಲ್ಲವೆಂದೂ, ಅವೆಲ್ಲದರ ಹೊರಗೆ ರಥವೆಂಬುದೊಂದಿಲ್ಲವೆಂದೂ ದೊರೆಯ ಬಾಯಿಂದಲೇ ಹೇಳಿಸಿ, ರಥವೆಂಬುದು ವ್ಯವಹಾರಕ್ಕಾಗಿ ಇಟ್ಟುಕೊಂಡ ಹೆಸರು ಮಾತ್ರವೆಂದು ತೋರಿಸುತ್ತಾನೆ. ನ್ಯಾಯದರ್ಶನವನ್ನು ಅನುಸರಿಸುವ ನೈಯಾಯಿಕರು ಇದನ್ನು ಒಪ್ಪಲಿಲ್ಲ. ಅವಯವಗಳಿಂದ ಹುಟ್ಟಿ, ಆ ಅವಯವಗಳಲ್ಲಿಯೇ ಸಮವಾಯವೆಂಬ ಬಿಡಿಸಲಾಗದ ಸಂಬಂಧದಿಂದ ನೆಲೆಸಿ, ಆದರೂ ಅವುಗಳಿಂದ ಬೇರೆಯಾದ ಅವಯವಿಯೆಂಬ ಪದಾರ್ಥವುಂಟೆಂಬುದು ಅವರ ಸಿದ್ಧಾಂತ. ಒಂದು ಭಾಗವನ್ನು ಹಿಡಿದೆಳೆದರೆ ವಸ್ತುವೆಲ್ಲವೂ ಬರುವುದನ್ನು ನ್ಯಾಯಸೂತ್ರಗಳು ಅದಕ್ಕೆ ಹೇತುವಾಗಿ ಹೇಳುತ್ತವೆ. ಬಹುಕಾಲದ ಮೇಲೆ ಬೌದ್ಧ ಪಂಡಿತನಾದ ಧರ್ಮಕೀರ್ತಿಯು ಈ ಹೇತುವನ್ನೇ ತಿರುಗಿಸಿ ಹೊಡೆದನು. ಅವಯವಿಯು ಒಂದೇ ಆಗಿದ್ದರೆ, ಕೈ ನಡುಗಿದಾಗ ಮೈಯೆಲ್ಲವೂ ನಡುಗಬೇಕಷ್ಟೆ. ಹಾಗೆ ಆಗುವುದಿಲ್ಲವಾದುದರಿಂದ ಒಂದಾದ ಅವಯವಿಯೆಂಬುದು ಕಲ್ಪನೆ ಎಂಬುದು ಅವನ ಆಕ್ಷೇಪದ ಸಾರ.

ಇದೆಲ್ಲವೂ ಪಂಡಿತರ ಸಭೆಗೆ ಸೇರಿದ ಮಾತೆಂದು ಸಾಮಾನ್ಯರು ಬಗೆಯುವುದು ಸಹಜವೇ. ಆದರೆ ತನ್ನ ಗಿಟಾರನ್ನು ಅಂಗಡಿಗೆ ಕೊಟ್ಟು ತರುವುದನ್ನು ಬಿಟ್ಟು, ಅದನ್ನು ತಾನೇ ಬಿಚ್ಚಿ, ತಾನೇ ಹದಗೊಳಿಸಲು ಕಲಿಯುವವನು ಈ ವಾದದ ನಡುವೆಯೇ ಬಂದು ನಿಲ್ಲುತ್ತಾನೆ. ಪರರಿಂದ ಹದವಾಗಿ ಬಂದ ವಾದ್ಯವು ಒಂದು ಸಿದ್ಧವಸ್ತುವಾಗಿ ಕೈಗೆ ಬರುತ್ತದೆ. ಅದರ ಏಕತ್ವದಲ್ಲಿ ಸಂಶಯ ಪಡಲು ಕಾರಣವೇ ತೋರುವುದಿಲ್ಲ. ಬಿಚ್ಚಿ ಮೇಜಿನ ಮೇಲೆ ಹರವಿದಾಗ ಕಾಣುವುದಾದರೋ ನಾಗಸೇನನ ರಥ.

ಬಿಚ್ಚಲು ಬರುವಂತೆ ಗಿಟಾರನ್ನು ಮಾಡಿದವರು ಲಿಯೋ ಫೆಂಡರ್. ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನಲ್ಲಿ ರೇಡಿಯೋ ರಿಪೇರಿಯ ಅಂಗಡಿಯಿಟ್ಟಿದ್ದ ಇವರಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಪಿಟೀಲು ಮಾಡುವವರು ಕತ್ತನ್ನು ಒಡಲಿಗೆ ಅಂಟಿಸುತ್ತಾರೆ. ಇವರು 1950ರ ಸುಮಾರಿಗೆ ಹೊರತಂದ ಗಿಟಾರಿನಲ್ಲಿಯೂ, 1954ರ ಸ್ಟ್ರಾಟೊಕ್ಯಾಸ್ಟರಿನಲ್ಲಿಯೂ ನಾಲ್ಕು ತಿರುಪುಮೊಳೆಗಳಿಂದ ಅದನ್ನು ಬಿಗಿದರು, ಕೆಟ್ಟರೆ ತೆಗೆದು ಬೇರೊಂದನ್ನು ಹಾಕಬಹುದೆಂದು. ಆ ಮಹನೀಯರು ಬೌದ್ಧಗ್ರಂಥಗಳನ್ನು ಓದಿದ್ದರೆಂದು ಹೇಳಲು ನನಗೆ ಯಾವ ಆಧಾರವೂ ಇಲ್ಲ. ಆದರೆ ಭಿಕ್ಷುಸಂಘಕ್ಕೆ ಇದಕ್ಕಿಂತ ಅನುಕೂಲವಾದ ದೃಷ್ಟಾಂತವನ್ನು ಯಾರೂ ಕೆತ್ತಿಕೊಡಲಾರರು.

ಹದಗೊಳಿಸುವ ಕ್ರಮವನ್ನು ತುಸು ವಿವರವಾಗಿಯೇ ಹೇಳಬೇಕು. ಕತ್ತಿನೊಳಗೆ, ಬೆರಳಾಡಿಸುವ ಹಲಗೆಯ ಅಡಿಯಲ್ಲಿ, ಉಕ್ಕಿನ ಸರಳೊಂದು ಹುದುಗಿರುತ್ತದೆ. ಅದಕ್ಕೆ ಟ್ರಸ್ ರಾಡ್ ಎಂದು ಹೆಸರು. ಗಿಬ್ಸನ್ ಕಾರ್ಖಾನೆಯ ಥ್ಯಾಡಿಯಸ್ ಮೆಕ್‌ಹ್ಯೂ ಎಂಬವರು 1920ರ ದಶಕದಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಶ್ರುತಿಗೆ ಏರಿದ ಆರು ತಂತಿಗಳು ಕೂಡಿ ಸುಮಾರು 45 ಕಿಲೋಗ್ರಾಂ ತೂಕದ ಬಲದಿಂದ ಕತ್ತನ್ನು ಮುಂದಕ್ಕೆ ಬಾಗಿಸಲು ಎಳಸುತ್ತಿದ್ದರೆ, ಈ ಸರಳು ಅದನ್ನು ಹಿಂದಕ್ಕೆ ಒತ್ತಿ ನಿಲ್ಲಿಸುತ್ತದೆ. ಮೊದಲ ಮೆಟ್ಟಿಗೆ ತಂತಿಗಳನ್ನೆಲ್ಲ ಒತ್ತಿಹಿಡಿಯುವ ಕೇಪೊ ಎಂಬ ಹಿಡಿಕೆಯನ್ನು ಬಿಗಿದು, ದಪ್ಪತಂತಿಯನ್ನು ಕಟ್ಟಕಡೆಯ ಮೆಟ್ಟಿಗೆ ಒತ್ತಿಹಿಡಿದು, ಎಂಟನೆಯ ಮೆಟ್ಟಿನ ನೆತ್ತಿಗೂ ತಂತಿಗೂ ನಡುವೆ ಫೀಲರ್ ಗೇಜಿನ ತೆಳ್ಳನೆಯ ಎಲೆಯನ್ನು ತೂರಿಸಬೇಕು. ಕಾಲು ಮಿಲಿಮೀಟರಿನ ಎಲೆಯು ತಂತಿಯನ್ನು ಮೇಲೆತ್ತದೆ, ಹಾಗೆಂದು ಸಡಿಲವಾಗಿ ಜಾರಿಹೋಗದೆ, ಸವರಿಕೊಂಡು ಹೊರಬಂದರೆ ಸರಿ. ಎಡೆ ಹೆಚ್ಚಾಗಿದ್ದರೆ ಅಲೆನ್ ಕೀಲಿಯಿಂದ ಸರಳಿನ ತಿರುಪನ್ನು ಬಲಕ್ಕೆ ಕಾಲುಸುತ್ತು ತಿರುಗಿಸಿ, ಮರಕ್ಕೆ ಸ್ವಲ್ಪ ಹೊತ್ತು ಕೊಟ್ಟು, ತಂತಿಗಳನ್ನು ಮರಳಿ ಶ್ರುತಿಗೆ ತಂದು, ಮತ್ತೆ ಅಳೆಯಬೇಕು. ಮೊದಮೊದಲು ಕೀಲಿ ಹಿಡಿದ ಕೈಗೆ ಬಲು ಅಂಜಿಕೆ. ಒಳಗಿನಿಂದ ಸಣ್ಣಗೆ ಕಿರ್ರೆಂಬ ಸದ್ದು ಬಂದರೆ ಎದೆ ಹಾರುತ್ತದೆ. ಕತ್ತು ನೆಟ್ಟಗಾದೊಡನೆ ತಂತಿಗಳು ಮೆಟ್ಟುಗಳಿಗೆ ಹತ್ತಿರವಾಗುತ್ತವೆ. ಆದುದರಿಂದ ಹದಿನೇಳನೆಯ ಮೆಟ್ಟಿನ ಮೇಲೆ ಒಂದೂವರೆ ಮಿಲಿಮೀಟರಿಗಿಂತ ತುಸು ಹೆಚ್ಚು ಎತ್ತರ ಬರುವ ಹಾಗೆ ಕುದುರೆಯ ಮೇಲೆ ತಂತಿಗಳು ಕೂರುವ ಸ್ಯಾಡಲುಗಳನ್ನು ಏರಿಸಬೇಕು. ಎತ್ತರ ಬದಲಾದರೆ, ಬೆರಳು ಒತ್ತಿದಾಗ ತಂತಿ ಹಿಗ್ಗುವ ಪ್ರಮಾಣವೂ ಬದಲಾಗುತ್ತದೆ. ಹಾಗಾಗಿ ಹನ್ನೆರಡನೆಯ ಮೆಟ್ಟಿನಲ್ಲಿ ಒತ್ತಿ ಮೀಟಿದ ಸ್ವರವನ್ನು ಅಲ್ಲಿಯೇ ಬೆರಳು ಸೋಕಿಸಿ ಮೀಟಿದ ಸ್ವರದೊಡನೆ ಹೋಲಿಸಿ, ಒತ್ತಿದ ಸ್ವರ ಏರಿದ್ದರೆ ಸ್ಯಾಡಲನ್ನು ಹಿಂದಕ್ಕೂ, ಇಳಿದಿದ್ದರೆ ಮುಂದಕ್ಕೂ ಸರಿಸಬೇಕು. ಇಷ್ಟಾದ ಮೇಲೆ ಮೊದಲಿನದನ್ನು ಪುನಃ ಅಳೆದುನೋಡಿದರೆ ಅದು ತುಸು ಸರಿದಿರುವುದೇ ಹೆಚ್ಚು. ಮೆಟ್ಟುಗಳನ್ನು ಮೇಣದ ಮೇಲೆ ಕೂರಿಸಿಕೊಂಡಿರುವ ನಮ್ಮ ವೀಣೆಯ ಮೇಳ ಕಟ್ಟುವವರಿಗೆ ಈ ಬಗೆಯ ಸುತ್ತಾಟ ಹೊಸದಲ್ಲ.

ಇಲ್ಲಿ ಯಾವ ಅವಯವಕ್ಕೂ ತನ್ನಷ್ಟಕ್ಕೆ ತಾನು ಸರಿಯಾಗಿರುವ ಸ್ವಾತಂತ್ರ್ಯವಿಲ್ಲವೆಂಬುದನ್ನು ನೋಡಬೇಕು. ಸ್ಯಾಡಲಿನ ಸರಿಯಾದ ಸ್ಥಾನ ಯಾವುದೆಂದು ಸ್ಯಾಡಲನ್ನು ಮಾತ್ರ ನೋಡಿ ಹೇಳಲಾಗದು. ಸ್ಟ್ರಾಟೊಕ್ಯಾಸ್ಟರಿನ ಕುದುರೆಯನ್ನು ಒಡಲಿಗೆ ತಾಗದ ಹಾಗೆ ತೇಲುವಂತೆ ನಿಲ್ಲಿಸಿದಾಗ ಈ ಪಾರತಂತ್ರ್ಯವು ಕಿವಿಗೇ ಕೇಳಿಸುತ್ತದೆ. ಮೇಲುಗಡೆ ಆರು ತಂತಿಗಳ ಸೆಳೆತ, ಒಡಲಿನ ಹಿಂದಣ ಗೂಡಿನಲ್ಲಿ ಸ್ಪ್ರಿಂಗುಗಳ ಸೆಳೆತ; ಇವೆರಡರ ಸಮಬಲದಲ್ಲಿ ಕುದುರೆ ನಿಂತಿರುವುದರಿಂದ, ಒಂದು ತಂತಿಯ ಬಿರಡೆಯನ್ನು ಬಿಗಿದರೆ ಮಿಕ್ಕ ಐದೂ ಇಳಿಯುತ್ತವೆ; ಅವನ್ನು ಏರಿಸಿದರೆ ಮೊದಲನೆಯದು ಇಳಿಯುತ್ತದೆ; ಹೀಗೆ ಸುತ್ತು ಸುತ್ತಾಗಿ ಬಂದು ಕಡೆಗೊಮ್ಮೆ ನೆಲೆಗೊಳ್ಳಬೇಕು. ನುಡಿಸುವಾಗ ಒಂದು ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ಎಳೆದರೂ ಇದೇ ಪಾಡು. ಮುಟ್ಟದೆ ಬಿಟ್ಟ ತಂತಿಗಳೂ ಅಪಶ್ರುತಿಯಾಗುತ್ತವೆ. ಒಂದು ಅವಯವ ಅಲುಗಿದರೆ ಎಲ್ಲವೂ ಅಲುಗಬೇಕಾದೀತೆಂದು ಧರ್ಮಕೀರ್ತಿಯು ಅಸಂಭವವೆಂಬ ಭರವಸೆಯಿಂದ ಯಾವ ಪ್ರಸಂಗವನ್ನು ಒಡ್ಡಿದನೋ, ಅದು ಇಲ್ಲಿ ದಿನನಿತ್ಯದ ತೊಂದರೆ. ತರ್ಕದಲ್ಲಿ ಅವನು ಸೋತನೆಂದು ನಾನು ಹೇಳಲಾರೆ. ಅವನ ಪಕ್ಷದವರು, ಇದು ಬಿಡಿಭಾಗಗಳು ಒಂದರ ಮೇಲೊಂದು ಮಾಡುವ ಕಾರ್ಯವೇ ಹೊರತು ಅವಯವಿಯ ಕಂಪನವಲ್ಲವೆಂದು ಹೇಳುವರು, ಹೇಳಲಿ. ಆದರೆ ಯಾವ ಒಂದು ಭಾಗದಲ್ಲಿಯೂ ದೊರೆಯದೆ, ಎಲ್ಲವೂ ಸೇರಿದಾಗ ಮಾತ್ರ ಹುಟ್ಟಿ, ಹುಟ್ಟಿದ ಮೇಲೆ ಪ್ರತಿಯೊಂದು ಭಾಗವನ್ನೂ ಆಳತೊಡಗುವ ಒಂದು ಸಮಬಲವನ್ನು ಬರಿಯ ಹೆಸರೆಂದು ಕರೆಯಲು, ಸ್ಪ್ರಿಂಗನ್ನು ಬಿಗಿಯಲು ಹೋಗಿ ಉಗುರು ಜಜ್ಜಿಸಿಕೊಂಡವನಿಗೆ ಮನಸ್ಸು ಬರುವುದಿಲ್ಲ.

ಶ್ರುತಿಯ ವಿಷಯವೂ ಇದನ್ನೇ ಬೇರೊಂದು ಬಗೆಯಲ್ಲಿ ಹೇಳುತ್ತದೆ. ಷಡ್ಜದಿಂದ ಹೊರಟು ಶುದ್ಧ ಪಂಚಮಗಳನ್ನು ಹನ್ನೆರಡು ಸಲ ಏರಿದರೆ, ಏಳು ಸ್ಥಾಯಿಗಳ ಮೇಲಣ ಷಡ್ಜವನ್ನು ಸುಮಾರು ಇಪ್ಪತ್ತಮೂರೂವರೆ ಸೆಂಟಿನಷ್ಟು ದಾಟಿಹೋಗುತ್ತೇವೆ. ಸ್ಥಾಯಿಯೊಂದಕ್ಕೆ ಸೆಂಟುಗಳು 1200. ಗಿಟಾರಿನ ಮೆಟ್ಟುಗಳು ಈ ಹೆಚ್ಚಳವನ್ನು ಹನ್ನೆರಡು ಪಾಲಾಗಿ ಹಂಚಿಕೊಂಡಿವೆ. ಪರಿಣಾಮವಾಗಿ ಪಂಚಮವು ಎರಡು ಸೆಂಟು ತಗ್ಗಿಯೂ, ಅಂತರ ಗಾಂಧಾರವು ಹದಿನಾಲ್ಕು ಸೆಂಟು ಏರಿಯೂ ಇರುತ್ತವೆ. ಸ್ಥಾಯಿಯೊಂದನ್ನು ಬಿಟ್ಟು ಶುದ್ಧವಾದ ಸ್ವರಾಂತರವೇ ಇಲ್ಲ. ತಂಬೂರಿಯ ನಾದದಲ್ಲಿ ಬೆಳೆದ ಕಿವಿಗೆ ಆ ಗಾಂಧಾರ ಚುಚ್ಚುವುದು ದಿಟ. ಆ ಒಂದನ್ನು ತಿದ್ದಲು ಹೋದರೆ ಅದೇ ತಂತಿ ಸೇರುವ ಮತ್ತೊಂದು ಸ್ವರಮೇಳ ಕೆಡುತ್ತದೆ. ಬಿಡಿಯಾಗಿ ಯಾವುದೂ ಸರಿಯಲ್ಲ. ವಾದ್ಯ ಮಾತ್ರ ಶ್ರುತಿಯಲ್ಲಿದೆ. ಅವಯವಗಳಲ್ಲಿಲ್ಲದ ಗುಣವೊಂದು ಅವಯವಿಯಲ್ಲಿ ತೋರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಕಂಡಿಲ್ಲ.

ಇಷ್ಟರಿಂದ ನೈಯಾಯಿಕರ ಪಕ್ಷವೇ ಗೆದ್ದಿತೆಂದು ತಿಳಿಯಬಾರದು. ಒಂದು ಅವಯವ ಕಳಚಿದರೂ ಹಿಂದಣ ಅವಯವಿ ನಾಶವಾಗಿ, ಉಳಿದವುಗಳಿಂದ ಹೊಸ ಅವಯವಿ ಹುಟ್ಟುತ್ತದೆಂದು ಹೇಳುವ ಸಂಕಟಕ್ಕೆ ಅವರು ಸಿಕ್ಕಿಕೊಂಡಿದ್ದಾರೆ. ಆ ಲೆಕ್ಕದಲ್ಲಿ ತಂತಿಯೊಂದು ತುಂಡಾದಾಗಲೆಲ್ಲ ಹಳೆಯ ಗಿಟಾರಿನ ಮರಣ, ಹೊಸದರ ಜನನ. ಗಿಲ್ಮೋರರ ವಾದ್ಯಕ್ಕೆ ಅದೆಷ್ಟು ಜನ್ಮಗಳೋ. ಈ ಎಡೆಯಲ್ಲಿ ನಮ್ಮ ಉಡುಪಿಯ ಮಧ್ವಮತದವರ ನಿರೂಪಣೆ ನನಗೆ ಹೆಚ್ಚು ಹಿತವಾಗಿ ಕಾಣುತ್ತದೆ. ದ್ರವ್ಯವಿರುವಷ್ಟು ಕಾಲವೂ ಅದನ್ನು ಬಿಡದಿರುವುದಕ್ಕೆ ದ್ರವ್ಯದೊಡನೆ ಅಭೇದವನ್ನೂ, ದ್ರವ್ಯವಿರುತ್ತಿರುವಾಗಲೇ ಬಂದುಹೋಗತಕ್ಕುದಕ್ಕೆ ಭೇದಾಭೇದವನ್ನೂ ಅವರು ಹೇಳುತ್ತಾರೆ. ತಂತಿ, ಕತ್ತು, ಪಿಕಪ್ಪು ಇವೆಲ್ಲ ಎರಡನೆಯ ವರ್ಗದವು. ಹಾಗಾದರೆ ಗಿಟಾರಿನಲ್ಲಿ ಮೊದಲನೆಯ ವರ್ಗಕ್ಕೆ ಸೇರುವುದು ಯಾವುದು? ಒಡಲಿನ ಮರವೆನ್ನೋಣವೆಂದರೆ, ಅದನ್ನೂ ಕೆತ್ತಿ ತುಂಬಿದ್ದಾಯಿತಲ್ಲ.

ಹದ ಎಂಬುದೇ ನನ್ನ ಉತ್ತರ. ಹದವು ವಸ್ತುವಿನಲ್ಲಿ ಒಮ್ಮೆ ಇಟ್ಟರೆ ಇರುವ ಗುಣವಲ್ಲ. ಅದನ್ನು ಮತ್ತೆಮತ್ತೆ ಉಂಟುಮಾಡುತ್ತಿರಬೇಕು. 1960ರ ದಶಕದ ನಡುಗಾಲದ ಮೇಲೆ ಫೆಂಡರ್ ಗಿಟಾರುಗಳ ಬೆರಳುಹಲಗೆಗೆ ಬಹುಮಟ್ಟಿಗೆ ಬಂದುದು ನಮ್ಮ ಮಲೆನಾಡಿನವರು ಬೀಟೆಯೆಂದು ಕರೆಯುವ ಮರ. ಕಡಿದು, ಒಣಗಿಸಿ, ಸಮುದ್ರ ದಾಟಿಸಿ, ಹಲಗೆಯಾಗಿಸಿದ ಮೇಲೂ ಮರವು ಗಾಳಿಯ ತೇವವನ್ನು ಹೀರುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ಚೈತ್ರದ ಒಣಹವೆಯಲ್ಲಿ ಸರಿಯಾಗಿದ್ದ ಕತ್ತು ಆಷಾಢದ ಜಡಿಮಳೆಗೆ ಬೇರೆ ರೀತಿಯಲ್ಲಿ ಬಾಗುತ್ತದೆ, ತಂತಿಗೆ ಕಿಲುಬು ಹತ್ತುತ್ತದೆ, ಸ್ಪ್ರಿಂಗು ಸಡಿಲುತ್ತದೆ. ನಾನು ಮೊದಲು ಹೆಸರಿಸಿದ ಆ ಕಪ್ಪು ಗಿಟಾರೇ ನಡುವೆ ಹಲವು ವರ್ಷ ಅಮೆರಿಕದ ಒಂದು ಭೋಜನಾಲಯದಲ್ಲಿ ಪ್ರದರ್ಶನದ ವಸ್ತುವಾಗಿ ಉಳಿದು, ಕೆಟ್ಟ ಸ್ಥಿತಿಯಲ್ಲಿ ಮರಳಿ ಬಂದಿತಂತೆ. ಅದನ್ನು ದುರಸ್ತಿ ಮಾಡಿದ ಮೇಲೆ 2005ರ ಲೈವ್ 8 ಕಛೇರಿಯಲ್ಲಿ ಗಿಲ್ಮೋರರು ಅದನ್ನು ನುಡಿಸಿದರು. ಗೋಡೆಯ ಮೇಲಿದ್ದಾಗ ಅದರ ಹೆಸರಿಗೆ ಕುಂದಿರಲಿಲ್ಲ, ನಾಗಸೇನನು ಒಪ್ಪಿಕೊಂಡಿದ್ದ ಅಷ್ಟೂ ಅದಕ್ಕೆ ಇದ್ದಿತು. ಇಲ್ಲದಿದ್ದುದು ಅದನ್ನು ಹದದಲ್ಲಿಡುವ ಕೈ. ಬದಲಾದ ಕತ್ತುಗಳೂ ಪಿಕಪ್ಪುಗಳೂ ಒಂದೇ ಗಿಟಾರಿಗೆ ಸೇರಿದವೆಂದು ಹೇಳಲು ನಮಗೆ ಸಿಕ್ಕುವ ಸೂತ್ರವೂ ಇದೇ ಸಂತತವಾದ ಪಾಲನೆ. ಅವಯವಿಯು ಇದೆಯೇ ಇಲ್ಲವೇ ಎಂದು ಎರಡು ಪಕ್ಷದವರೂ ಕೇಳಿದರು. ಅದನ್ನು ಇರಿಸುತ್ತಿರುವವರು ಯಾರೆಂದು ಕೇಳುವುದು ಅವರಿಗೆ ಅಷ್ಟಾಗಿ ತೋರಲಿಲ್ಲ. ಕುಂಬಾರನನ್ನು ಅವರು ಬಲ್ಲರು; ಆದರೆ ಅವನ ಕೆಲಸ ಮಡಕೆ ಆವಿಗೆಯಿಂದ ಹೊರಬಂದೊಡನೆ ಮುಗಿಯಿತೆಂದು ಎಣಿಸಿದರು.

ಇದಕ್ಕೆ ಒಂದು ಆಕ್ಷೇಪವನ್ನು ಗಿಟಾರೇ ಎತ್ತಿಕೊಡುತ್ತದೆ. ಒಂದೇ ಸುರುಳಿಯ ಪಿಕಪ್ಪುಳ್ಳ ಗಿಟಾರನ್ನು ಆಂಪ್ಲಿಫೈಯರಿಗೆ ಜೋಡಿಸಿ ಸುಮ್ಮನೆ ತೊಡೆಯ ಮೇಲೆ ಇಟ್ಟುಕೊಂಡರೆ ಗುಂಯ್ ಎಂಬ ಮೊರೆತ ಕೇಳುತ್ತದೆ. ತಂತಿಯ ಮೇಲೆ ಕೈಯಿಟ್ಟೊಡನೆ ಅದು ಬಹಳಷ್ಟು ತಗ್ಗುತ್ತದೆ. ಮನೆಯ ವಿದ್ಯುತ್ತಿನ ಗದ್ದಲವನ್ನು ನುಡಿಸುವವನ ಶರೀರವೇ ಹಿಡಿದು ವಾದ್ಯಕ್ಕೆ ಸಾಗಿಸುತ್ತಿದ್ದುದು, ತಂತಿ ಕುದುರೆಗಳ ಮೂಲಕ ಅರ್ತಿಂಗಿಗೆ ಸೇರಿದಾಗ ಅದಕ್ಕೊಂದು ಮರೆಯಾಗಿ ಪರಿಣಮಿಸುತ್ತದೆ. ಹೀಗೆ ಪಾಲಿಸುವವನ ಮೈಯೂ ಪಾಲಿತವಾದುದರ ಮಂಡಲದೊಳಗೆ ಒಂದು ತಂತುವಾಗಿ ಸೇರಿಹೋದರೆ, ಅವಯವಿಯನ್ನು ಇರಿಸುವವನು ಅವಯವಿಯ ಹೊರಗೆ ಇರುವನೋ ಒಳಗೋ? ಶರೀರವು ಅಂತ್ಯಾವಯವಿ, ಅದು ಬೇರೊಂದರ ಅವಯವವಾಗಲಾರದು, ಇಲ್ಲಿರುವುದು ಬರಿಯ ಸಂಯೋಗ ಎಂದು ತಾರ್ಕಿಕರು ಹೇಳುವರು. ಆದರೆ ತಂತಿಗೂ ಕುದುರೆಗೂ ನಡುವೆ ಇರುವುದೂ ಸಂಯೋಗವೇ. ಆ ಸಂಯೋಗದಿಂದ ಗಿಟಾರು ಹುಟ್ಟುವುದಾದರೆ, ಬೆರಳಿಗೂ ತಂತಿಗೂ ಆಗುವ ಸಂಯೋಗದಿಂದ ಏನೂ ಹುಟ್ಟುವುದಿಲ್ಲವೆಂದು ಹೇಳಲು ಅವರು ಮತ್ತೊಂದು ಹೇತುವನ್ನು ಕೊಡಬೇಕಾಗುತ್ತದೆ.