ಖಳನಿಗೊಂದು ಹಾಡು

ಗೋಕರ್ಣದಿಂದ ದಕ್ಷಿಣಕ್ಕೆ ಗುಡ್ಡ ಹತ್ತಿ ಇಳಿದರೆ ಓಂ ಬೀಚ್ ಸಿಗುತ್ತದೆ. ಕಡಲಿಗೆ ಚಾಚಿಕೊಂಡ ಬಂಡೆಗಳು ದಂಡೆಯನ್ನು ಎರಡು ಕಮಾನುಗಳಾಗಿ ಒಡೆದಿರುವುದರಿಂದ, ಮೇಲಿನಿಂದ ನೋಡುವವರಿಗೆ ಅದು ಓಂಕಾರದಂತೆ ಕಾಣುತ್ತದೆ. ಹೆಸರು ಬಂದದ್ದು ಹಾಗೆ. ಅಲ್ಲಿ ಮಕ್ಕಳು ಮರಳಿನಲ್ಲಿ ಗುಡಿ ಕಟ್ಟುವುದನ್ನೂ ಅಲೆ ಬಂದು ಅದನ್ನು ಒಯ್ಯುವುದನ್ನೂ ನೋಡುತ್ತ ಕುಳಿತವರಿಗೆ ಆ ಕ್ಷೇತ್ರದ ಸ್ಥಳಪುರಾಣ ನೆನಪಾಗದೆ ಇರದು. ರಾವಣನ ತಾಯಿ ಕೈಕಸಿ ಮರಳಿನ ಲಿಂಗ ಮಾಡಿ ಪೂಜಿಸುತ್ತಿದ್ದಳಂತೆ. ಅಲೆ ಅದನ್ನು ಕೊಚ್ಚಿಕೊಂಡು ಹೋಯಿತಂತೆ. ಮಗ ಕೈಲಾಸಕ್ಕೆ ಹೋಗಿ ಶಿವನ ಆತ್ಮಲಿಂಗವನ್ನೇ ಬೇಡಿ ತಂದನಂತೆ. ಮುಂದಿನದು ಎಲ್ಲರಿಗೂ ತಿಳಿದದ್ದೇ. ವಿಷ್ಣು ಚಕ್ರದಿಂದ ಸೂರ್ಯನನ್ನು ಮರೆಮಾಡಿದ. ಗಣಪತಿ ವಟುವಿನ ವೇಷದಲ್ಲಿ ಬಂದು, ಮೂರು ಸಲ ಕೂಗಿ, ಲಿಂಗವನ್ನು ನೆಲಕ್ಕಿಟ್ಟುಬಿಟ್ಟ. ಕೀಳಲಾರದೆ ಹೋದ ರಾವಣ ಸಿಟ್ಟಿನಿಂದ ಎಸೆದದ್ದೆಲ್ಲ ಬಿದ್ದಲ್ಲಿ ಒಂದೊಂದು ಕ್ಷೇತ್ರವಾಯಿತು: ಕುಮಟೆಯ ಧಾರೇಶ್ವರ, ಹೊನ್ನಾವರದ ಗುಣವಂತೆ, ಭಟ್ಕಳದ ಮುರ್ಡೇಶ್ವರ. ಈ ಕಥೆಯಲ್ಲಿ ತಪಸ್ಸು ಮಾಡಿದವನು ರಾಕ್ಷಸ, ಮೋಸ ಮಾಡಿದವರು ದೇವತೆಗಳು. ಆದರೂ ನಾವು ಕೈ ಮುಗಿಯುವುದು ಗಣಪತಿಗೇ. ರಾವಣ ಗುದ್ದಿದನೆಂದು ತೋರಿಸುವ ತಗ್ಗು ಆ ಗಣಪತಿಯ ತಲೆಯ ಮೇಲಿದೆ. ಭಕ್ತರು ಅದನ್ನು ಮುಟ್ಟಿ ನೋಡುತ್ತಾರೆ.

ಖಳನನ್ನು ಇಷ್ಟು ಹತ್ತಿರ ಇಟ್ಟುಕೊಂಡ ಜನ ನಾವು. ಈಚೆಗೆ ಅಮೆರಿಕೆಯ ಡಿಸ್ನಿ ಕಂಪನಿಯವರು ತಮ್ಮ ಹಳೆಯ ಅನಿಮೇಷನ್ ಚಿತ್ರಗಳನ್ನು ಮತ್ತೆ ನಟರನ್ನಿಟ್ಟು ತೆಗೆಯುವಾಗ ಖಳರ ಹಾಡುಗಳಿಗೆ ಕತ್ತರಿ ಹಾಕುತ್ತಿರುವ ಸಂಗತಿ ನನಗೆ ಒಂದು ನೀತಿಯ ಪ್ರಶ್ನೆಯಾಗಿ ತೋರಿದ್ದು ಅದರಿಂದಲೇ ಇರಬೇಕು. ವಿಷಯ ಮಕ್ಕಳದು, ಪ್ರಶ್ನೆ ಮಕ್ಕಳದಲ್ಲ.

1994ರ ‘ದಿ ಲಯನ್ ಕಿಂಗ್’ ಚಿತ್ರದಲ್ಲಿ ಸ್ಕಾರ್ ಎಂಬ ದುಷ್ಟ ಸಿಂಹ ಅಣ್ಣನನ್ನು ಕೊಲ್ಲುವ ಸಂಚನ್ನು ಒಂದು ಹಾಡಿನಲ್ಲಿ ಹೇಳುತ್ತದೆ. ಕತ್ತೆಕಿರುಬಗಳು ಸೈನ್ಯದಂತೆ ಅದರ ಮುಂದೆ ಹೆಜ್ಜೆ ಹಾಕಿ ಸಾಗುತ್ತವೆ. 2019ರಲ್ಲಿ ಅದೇ ಕಥೆ ನಿಜವಾದ ಕಾಡಿನಂತೆ, ನಿಜವಾದ ಪ್ರಾಣಿಗಳಂತೆ ಬಂತು. (ಅದರಲ್ಲಿ ಜೀವಂತ ಸಿಂಹ ಒಂದೂ ಇರಲಿಲ್ಲ, ಎಲ್ಲವೂ ಕಂಪ್ಯೂಟರಿನ ಕೆಲಸ, ಎಂಬುದು ಬೇರೆ ಮಾತು.) ಆ ಹಾಡು ಮೊಟಕಾಗಿ, ಬಹುಮಟ್ಟಿಗೆ ಭಾಷಣದಂತಾಯಿತು. 1967ರ ‘ದಿ ಜಂಗಲ್ ಬುಕ್’ನಲ್ಲಿ ಕಾ ಎಂಬ ಹೆಬ್ಬಾವು ಹುಡುಗನನ್ನು ಮರುಳುಗೊಳಿಸಲು ಹಾಡುತ್ತದೆ, 2016ರ ಚಿತ್ರದಲ್ಲಿ ಆ ಹಾಡು ಕೇಳುವುದು ಕಥೆ ಮುಗಿದು ಹೆಸರುಗಳ ಪಟ್ಟಿ ಬರುವಾಗ, ಜನ ಚಪ್ಪಲಿ ಹುಡುಕುತ್ತಿರುವ ಹೊತ್ತಿಗೆ. ಎಲ್ಲ ಕಡೆಯೂ ಹೀಗೆ ಎಂದಲ್ಲ. 1937ರ ‘ಸ್ನೋ ವೈಟ್’ನ ರಾಣಿಗೆ ಹಾಡೇ ಇರಲಿಲ್ಲ, 2025ರ ಚಿತ್ರದಲ್ಲಿ ಅವಳಿಗೊಂದು ಹೊಸ ಹಾಡು ಸಿಕ್ಕಿತು. ಆದರೂ ಒಟ್ಟು ಒಲವು ಕಡಿಮೆ ಮಾಡುವ ಕಡೆಗೇ ಇದೆ.

ಇದಕ್ಕೆ ಹಿಂದೆ ಎರಡು ಅಳುಕುಗಳಿದ್ದಂತೆ ಕಾಣುತ್ತದೆ. ಒಂದು, ವಾಸ್ತವದ್ದು: ನಿಜವಾದ ಸಿಂಹದಂತೆ ಕಾಣುವ ಸಿಂಹ ಕೊಲೆಯ ಮುಂಚೆ ರಾಗ ಎಳೆಯುವುದುಂಟೆ? ಇನ್ನೊಂದು, ನೀತಿಯದು: ಕೆಟ್ಟವನ ಬಾಯಿಗೆ ಇಂಪನ್ನು ಕೊಟ್ಟರೆ ಕೇಳುವ ಮಗುವಿನ ಗತಿಯೇನು?

ಮೊದಲನೆಯ ಅಳುಕಿಗೆ ನಮ್ಮ ಉತ್ತರ ಕನ್ನಡದ ಬಯಲಾಟ ಎಂದೋ ಉತ್ತರ ಕೊಟ್ಟಿದೆ. ಯಕ್ಷಗಾನದಲ್ಲಿ ರಾವಣ ಹಾಡುವುದಿಲ್ಲ; ಭಾಗವತ ಹಾಡುತ್ತಾನೆ. ವೇಷಧಾರಿ ಆ ಪದ್ಯಕ್ಕೆ ಕುಣಿಯುತ್ತಾನೆ, ಆಮೇಲೆ ತನ್ನ ಮಾತಿನಲ್ಲಿ ಅರ್ಥ ಹೇಳುತ್ತಾನೆ. ರಾಮನ ಪದ್ಯವನ್ನು ಹಾಡಿದ ಕೊರಳೇ ರಾವಣನ ಪದ್ಯವನ್ನೂ ಹಾಡುತ್ತದೆ. ಸೀತೆ ಅತ್ತರೆ ಅದೂ ಅಲ್ಲಿಂದಲೇ. ಜಾಗಟೆ ಅದೇ, ಮದ್ದಳೆ ಅದೇ, ಚಂಡೆ ಅದೇ. ಆದುದರಿಂದ ‘ರಾಕ್ಷಸ ಹಾಡುವುದುಂಟೆ’ ಎಂಬ ಪ್ರಶ್ನೆ ಆಟ ನೋಡುವವನ ತಲೆಯಲ್ಲಿ ಹುಟ್ಟುವುದೇ ಇಲ್ಲ. ಇದರಲ್ಲಿ ರಂಗತಂತ್ರಕ್ಕಿಂತ ಹೆಚ್ಚಿನದೊಂದಿದೆ. ಖಳನ ಇಂಪು ಖಳನ ಸ್ವಂತ ಆಸ್ತಿಯಲ್ಲ, ಕಥೆ ಹೇಳುವವನು ಅವನಿಗೆ ಕೊಟ್ಟದ್ದು. ಕೊಟ್ಟವನು ಅಲ್ಲೇ, ನಮ್ಮ ಕಣ್ಣೆದುರಿಗೇ ಕುಳಿತಿದ್ದಾನೆ.

ಎರಡನೆಯ ಅಳುಕು ಅಷ್ಟು ಸುಲಭವಾಗಿ ತೀರತಕ್ಕದ್ದಲ್ಲ. ಅದನ್ನು ಎದುರಿಸಿದ ಹಳಬರಲ್ಲಿ ಅಭಿನವಗುಪ್ತನೊಬ್ಬ. ರಾವಣ ಸೀತೆಗಾಗಿ ಹಂಬಲಿಸುವ ಮಾತು ಶೃಂಗಾರವೇ, ಅಲ್ಲವೆ? ಅದು ಶೃಂಗಾರವಲ್ಲ, ಶೃಂಗಾರದ ಆಭಾಸ ಎಂಬುದು ಅವನ ತೀರ್ಪು. ಕಪ್ಪೆಚಿಪ್ಪಿನಲ್ಲಿ ಬೆಳ್ಳಿ ಕಂಡಂತೆ. ಆದರೆ ಕೇಳುತ್ತಿರುವ ಆ ಕ್ಷಣದಲ್ಲಿ ಸಹೃದಯನಿಗೆ ಅದು ಶೃಂಗಾರವಾಗಿಯೇ ಸವಿಯಾಗುತ್ತದೆ, ಆಭಾಸವೆಂಬ ಅರಿವು ಬರುವುದು ಅನಂತರ, ವಿವೇಚಿಸಿದ ಮೇಲೆ, ಎಂದು ಅವನೇ ಒಪ್ಪುತ್ತಾನೆ. ನನಗೆ ಈ ಒಪ್ಪಿಗೆ ಬಹಳ ದೊಡ್ಡದೆಂದು ತೋರುತ್ತದೆ. ಮೊದಲು ನಾವು ಚಿಪ್ಪನ್ನು ಬೆಳ್ಳಿಯೆಂದು ನಂಬಿ ಕೈ ಚಾಚಬೇಕು. ಆಮೇಲೆ ಕೈ ಹಿಂದಕ್ಕೆ ಬರಬೇಕು. ಕೈ ಚಾಚಿದ್ದು ನಾವೇ ಎಂಬುದು ಆಗ ಮಾತ್ರ ಗೊತ್ತಾಗುತ್ತದೆ. ಸ್ಕಾರ್‌ನ ಹಾಡಿಗೆ ಕಾಲು ತಾಳ ಹಾಕಿದ ಮಗು, ಎರಡು ನಿಮಿಷದ ಮೇಲೆ ಆ ಹೆಜ್ಜೆಗಳ ಹಿಂದೆ ಏನಿತ್ತೆಂಬುದನ್ನು ಕಂಡು ಬೆಚ್ಚುತ್ತದೆ. ಹಾಡಿಲ್ಲದ ಸ್ಕಾರ್ ಬರಿಯ ದುಷ್ಟ. ಅವನನ್ನು ನೋಡಿ ‘ನಾನು ಹಾಗಲ್ಲ’ ಎಂದುಕೊಳ್ಳಲು ಯಾವ ಶ್ರಮವೂ ಬೇಡ.

ಇಷ್ಟನ್ನು ನಾನು ತರಗತಿಯಲ್ಲಿ ರನ್ನನ ದುರ್ಯೋಧನನನ್ನು ಪಾಠ ಹೇಳುವಾಗ ಪ್ರತಿವರ್ಷವೂ ಸಲೀಸಾಗಿ ಹೇಳುತ್ತೇನೆ, ವಿದ್ಯಾರ್ಥಿಗಳೂ ಸಲೀಸಾಗಿ ಬರೆದುಕೊಳ್ಳುತ್ತಾರೆ. ಒಮ್ಮೆ ಮಾತ್ರ ಒಬ್ಬಳು ಹುಡುಗಿ ಎದ್ದು ನಿಂತು, “ಸರ್, ಕೀಚಕನಿಗೂ ಹೀಗೆಯೇ ಹೇಳುತ್ತೀರಾ?” ಎಂದಳು.

ಪ್ರಶ್ನೆಯ ಹಿಂದಿನ ಸಂಗತಿ ಕರಾವಳಿಯವರಿಗೆ ವಿವರಿಸಬೇಕಾದ್ದಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಹೊನ್ನಾವರ ತಾಲ್ಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು (1933–2017) ಬಡಗುತಿಟ್ಟಿನ ದೊಡ್ಡ ಕಲಾವಿದರು; 2012ರಲ್ಲಿ ಪದ್ಮಶ್ರೀ ಪಡೆದವರು. ಅವರ ಕೀರ್ತಿಯ ಬಹುಪಾಲು ಖಳಪಾತ್ರಗಳದು: ಭಸ್ಮಾಸುರ, ದುಷ್ಟಬುದ್ಧಿ, ಎಲ್ಲಕ್ಕಿಂತ ಮಿಗಿಲಾಗಿ ಕೀಚಕ. ಸೈರಂಧ್ರಿಯನ್ನು ಕಂಡ ಕೀಚಕನ ಮರುಳನ್ನು ಅವರು ಕಣ್ಣು, ಹುಬ್ಬು, ಹೆಜ್ಜೆಗಳಲ್ಲಿ ತೋರಿಸುತ್ತಿದ್ದರೆ ಜನ ಹುಚ್ಚೆದ್ದು ಚಪ್ಪಾಳೆ ತಟ್ಟುತ್ತಿದ್ದರು. ಆದರೆ ಆ ಕಥೆಯಲ್ಲಿ ನಡೆಯುವುದೇನು? ದಿಕ್ಕಿಲ್ಲದ ದಾಸಿಯೊಬ್ಬಳನ್ನು ಅಧಿಕಾರದಲ್ಲಿರುವವನೊಬ್ಬ ಬೆನ್ನಟ್ಟುತ್ತಾನೆ. ಬೇಡ ಎಂದರೂ ಬಿಡುವುದಿಲ್ಲ. ತುಂಬಿದ ಸಭೆಯಲ್ಲಿ ಒದೆಯುತ್ತಾನೆ. ಚಪ್ಪಾಳೆ ತಟ್ಟುವ ಕೈಗಳ ನಡುವೆ ಕುಳಿತ ಹೆಣ್ಣುಮಗಳಿಗೆ, ಹಾಗೆ ಬೆನ್ನಟ್ಟಿಸಿಕೊಂಡ ಅನುಭವವಿದ್ದವಳಿಗೆ, ‘ಆಭಾಸದ ಅರಿವು ಆಮೇಲೆ ಬರುತ್ತದೆ, ತಾಳು’ ಎನ್ನುವುದು ಹೇಗೆ? ಆಮೇಲೆ ಭೀಮ ಬಂದು ಕೀಚಕನನ್ನು ಮುದ್ದೆ ಮಾಡುತ್ತಾನೆ, ನಿಜ. ಅಷ್ಟು ಹೊತ್ತಿಗೆ ಬೆಳಗಾಗಿರುತ್ತದೆ, ಅರ್ಧ ಜನ ಎದ್ದು ಹೋಗಿರುತ್ತಾರೆ.

ಡಿಸ್ನಿಯವರು ಕತ್ತರಿ ಕೈಗೆತ್ತಿಕೊಂಡದ್ದೂ ಇಂಥದೇ ಸಂಕೋಚದಿಂದ. 1989ರ ‘ದಿ ಲಿಟ್ಲ್ ಮರ್ಮೇಡ್’ನಲ್ಲಿ ಉರ್ಸುಲಾ ಎಂಬ ಕಡಲ ಮಾಟಗಾತಿ, ಮತ್ಸ್ಯಕನ್ಯೆ ಏರಿಯಲ್‌ಗೆ ಮನುಷ್ಯರ ಕಾಲು ಕೊಟ್ಟು, ಅದಕ್ಕೆ ಬೆಲೆಯಾಗಿ ಅವಳ ಧ್ವನಿಯನ್ನು ಕಿತ್ತುಕೊಳ್ಳುತ್ತಾಳೆ. ಹಾಗೆ ಮಾಡುವ ಮುಂಚೆ ಹಾಡುವ ಹಾಡಿನಲ್ಲಿ, ಗಂಡಸರಿಗೆ ಮಾತಾಡುವ ಹೆಣ್ಣು ಹಿಡಿಸುವುದಿಲ್ಲ, ಸುಮ್ಮನಿರುವವಳೇ ಗೆಲ್ಲುವುದು ಎಂಬ ಉಪದೇಶ ಇತ್ತು. 2023ರ ಚಿತ್ರದಲ್ಲಿ ಆ ಭಾಗವನ್ನು ಬಿಟ್ಟರು. ಎಳೆಯ ಹುಡುಗಿಯರು ಅದನ್ನು ಬುದ್ಧಿಮಾತೆಂದೇ ತಿಳಿದಾರು ಎಂಬ ಭಯ. ಭಯ ತಪ್ಪೆಂದು ನಾನು ಹೇಳಲಾರೆ. ಆದರೆ ಅದು ಸುಳ್ಳೆಂದು ತೋರಿಸುವುದಕ್ಕೇ ಕಥೆಯ ಉಳಿದ ಭಾಗ ಇರುವುದು: ಧ್ವನಿ ಕಳೆದುಕೊಂಡವಳು ತಾನು ಯಾರೆಂದು ಹೇಳಲಾರದೆ ಎಲ್ಲವನ್ನೂ ಕಳೆದುಕೊಳ್ಳುವ ಹಂತಕ್ಕೆ ಬರುತ್ತಾಳೆ. ಅದೇ ಹೊಸ ಚಿತ್ರದಲ್ಲಿ ಉರ್ಸುಲಾ ಇನ್ನೊಂದು ಉಪಾಯ ಮಾಡುತ್ತಾಳೆ. ಮಾಟದಲ್ಲಿ ಮರೆವನ್ನು ಬೆರೆಸಿ, ಏರಿಯಲ್ ತಾನು ಪಡೆಯಬೇಕಾದ ಮುತ್ತಿನ ಶರತ್ತನ್ನೇ ಮರೆಯುವಂತೆ ಮಾಡುತ್ತಾಳೆ. ಒಲಿಸುವ ಮಾತು ಕಡಿಮೆಯಾಯಿತು, ಮಾಟ ಹೆಚ್ಚಾಯಿತು. ಲೋಕದಲ್ಲಿ ನಮ್ಮ ಹೆಣ್ಣುಮಕ್ಕಳು ಎದುರಿಸಬೇಕಾದದ್ದು ಮಾಟವನ್ನಲ್ಲ, ಇಂಪಾದ ಮಾತನ್ನು.

ಹುಡುಗಿಗೆ ನಾನು ಕೊಟ್ಟ ಉತ್ತರ ಸೈರಂಧ್ರಿಯನ್ನು ಕುರಿತದ್ದು. ಉರ್ಸುಲಾಳ ಹಾಡು ಮುಗಿಯುವ ವೇಳೆಗೆ ಏರಿಯಲ್‌ಗೆ ಬಾಯಿಲ್ಲ. ಸೈರಂಧ್ರಿಗೆ ಬಾಯಿದೆ. ಅವಳಿಗೂ ಪದ್ಯಗಳಿವೆ, ಅವಳಿಗೂ ಅರ್ಥ ಹೇಳುವ ಅವಕಾಶವಿದೆ. ಅರ್ಥಗಾರಿಕೆ ಬರೆದಿಟ್ಟದ್ದಲ್ಲ, ಆ ರಾತ್ರಿ ಆ ವೇಷಧಾರಿಯ ಬುದ್ಧಿಗೆ ಹೊಳೆದದ್ದು. ತಾಳಮದ್ದಳೆಯಲ್ಲಂತೂ ಕುಣಿತವೂ ಇಲ್ಲ, ವೇಷವೂ ಇಲ್ಲ. ಮಾತಿಗೆ ಮಾತು ಅಷ್ಟೇ. ಅಲ್ಲಿ ಗಟ್ಟಿಗ ಅರ್ಥಧಾರಿ ಸೈರಂಧ್ರಿಯಾಗಿ ಕುಳಿತರೆ, ಕೀಚಕನ ಒಂದೊಂದು ಚಮತ್ಕಾರವನ್ನೂ ಬಿಚ್ಚಿ, ಒಳಗಿರುವುದನ್ನು ಸಭೆಗೆ ತೋರಿಸಬಲ್ಲ. ಶಿವರಾಮ ಕಾರಂತರು ತಮ್ಮ ಪ್ರಯೋಗಗಳಲ್ಲಿ ಮಾತನ್ನು ತೆಗೆದು ಹಾಡು ನೃತ್ಯಗಳನ್ನು ಉಳಿಸಿಕೊಂಡಾಗ ಅಂದ ಹೆಚ್ಚಿತೆಂದು ರಸಿಕರು ಹೇಳುವುದುಂಟು. ಇದ್ದರೂ ಇರಬಹುದು. ಖಳನಿಗೆ ಎದುರುತ್ತರ ಕೊಡುವ ಜಾಗವೂ ಅದರೊಡನೆ ಹೋಯಿತೆಂಬುದು ನನ್ನ ಕೊರಗು.

ಹಾಡನ್ನು ಕತ್ತರಿಸದೆ ಇಟ್ಟುಕೊಂಡವರೂ ತಪ್ಪಿಲ್ಲದವರಲ್ಲ. ಮೈಸೂರಿನ ರಂಗಭೂಮಿಯಲ್ಲಿ ಹೆಸರಾದ ‘ಭೂಕೈಲಾಸ’ ನಾಟಕ 1940ರಲ್ಲಿ ತೆಲುಗು ಚಿತ್ರವಾಗಿ, 1958ರಲ್ಲಿ ಕನ್ನಡ ಚಿತ್ರವಾಗಿ ಬಂತು; ಕಥೆ ಗೋಕರ್ಣದ್ದೇ. 1958ರಲ್ಲಿ ರಾವಣನಾದವರು ರಾಜ್‌ಕುಮಾರ್. ಆ ರಾವಣ ಹಾಡಿ, ಬೇಡಿ, ಅತ್ತು ನಮ್ಮನ್ನು ಎಷ್ಟು ಕರಗಿಸುತ್ತಾನೆಂದರೆ, ಅವನು ಶಿವನ ಮುಂದೆ ನಿಂತು ಪಾರ್ವತಿಯನ್ನೇ ಬೇಡಿದವನು ಎಂಬುದು ಮಾಯೆಯ ಲೆಕ್ಕಕ್ಕೆ ಹೋಗಿಬಿಡುತ್ತದೆ. ಶಿವತಾಂಡವ ಸ್ತೋತ್ರವನ್ನು ರಾವಣಕೃತವೆಂದು ಮನೆಮನೆಗಳಲ್ಲಿ ಹೇಳುವವರು ನಾವು. ಚೆನ್ನಾಗಿ ಹಾಡಿದವನನ್ನು, ಚೆನ್ನಾಗಿ ಮಾತಾಡಿದವನನ್ನು ಬಹು ಬೇಗ ಕ್ಷಮಿಸಿಬಿಡುವ ಗುಣ ನಮ್ಮದು; ಚುನಾವಣೆಯ ಕಾಲದಲ್ಲಿ ಇದಕ್ಕೆ ಪುರಾವೆ ಹುಡುಕಬೇಕಾಗಿಲ್ಲ. ಡಿಸ್ನಿಯವರು ಬೆಳ್ಳಿಯನ್ನು ತೋರಿಸಲು ಅಂಜುತ್ತಾರೆ, ನಾವು ಚಿಪ್ಪನ್ನು ನೋಡಲು ಅಂಜುತ್ತೇವೆ.

ನನ್ನ ಉತ್ತರ ಆ ಹುಡುಗಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಸೈರಂಧ್ರಿಗೆ ಬಾಯಿದೆ ಎಂದಿರಲ್ಲ ಸರ್, ಆ ಬಾಯಿ ಬಹುತೇಕ ಮೇಳಗಳಲ್ಲಿ ಗಂಡಸಿನದೇ ಅಲ್ಲವೆ ಎಂದಳು. ಹೌದು, ಹೆಂಗಸರ ಮೇಳಗಳೂ ಈಗ ಆಡುತ್ತಿವೆ ಎಂದೆ. ಅಂಥ ಆಟದಲ್ಲಿ ಕೀಚಕನ ಕುಣಿತಕ್ಕೆ ಚಪ್ಪಾಳೆ ಎಷ್ಟು ಬೀಳುತ್ತದೆ, ಸೈರಂಧ್ರಿಯ ಮಾತಿಗೆ ಎಷ್ಟು ಎಂಬುದನ್ನು ಎಣಿಸಿಕೊಂಡು ಬರುವುದಾಗಿ ಹೇಳಿ ಕುಳಿತಳು.